ಇಬ್ಬರು ಹಿಡಿದ ಹಗ್ಗ

ಅಂಬಿಗರ ಓಣಿ, ಹೊಳೆದಂಡೆ
ದೇವದುರ್ಗ ತಾಲ್ಲೂಕು
೧೨-೬-೧೯೮೮, ಆಯಿತವಾರ

ಪ್ರೀತಿಯ ತಮ್ಮ ಹನುಮಂತ್ರಾಯನಿಗೆ,

ಹೇಗಿದ್ದೀ? ಅಂಗೈ ಗಾಯ ಮಾಯ್ದಿತೇ? ಹಗ್ಗಕ್ಕೆ ಸುಲಿದ ಚರ್ಮ ಬೇಗ ಕೂಡುವುದಿಲ್ಲ, ಹೊಂಗೆ ಎಣ್ಣೆ ಹಚ್ಚು. ನಿನ್ನ ಹೆಂಡತಿ, ಮಗಳು ಆರಾಮ ಇದ್ದಾರೆಂದು ತಿಳಿದಿದ್ದೇನೆ. ಇಲ್ಲಿ ಅವ್ವನಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನಿಲ್ಲ. ನಿನ್ನ ಅತ್ತಿಗೆ ಬಂಡೆಮ್ಮ ನಿನ್ನ ಮೇಲೆ ಕೆಂಡವಾಗಿದ್ದಾಳೆ, ಆದರೂ ನಾನು ಬರೆಯಲು ಕೂತದ್ದು ನೋಡಿ "ನಾನೂ ಕೇಳೀನಂತ ಬರೀರಿ" ಅಂದಳು. ಬರೆದಿದ್ದೇನೆ. ಕೃಷ್ಣೆಗೆ ಹೊಸ ನೀರು ಇನ್ನೂ ಬಂದಿಲ್ಲ. ಹರಿಗೋಲಿಗೆ ಡಾಂಬರು ಬಳಿದು ದಡದ ಮೇಲೆ ಬೋರಲು ಹಾಕಿದ್ದಾಯಿತು. ಬಳಿದದ್ದು ಬಂಡೆಮ್ಮ, ನಾನು ಪಕ್ಕದಲ್ಲಿ ನಿಂತು ಹೇಳಿದೆ ಅಷ್ಟೇ. ನನ್ನ ಬಲಗೈಯ ಎರಡು ಬೆರಳು ಮಡಚಲು ಬರುತ್ತಿಲ್ಲ, ಹುಟ್ಟು ಹಿಡಿದರೆ ಜಾರಿ ಬೀಳುತ್ತದೆ. ನೀನು ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ.

ಮಾನ್ವಿಯ ಮಲಂಗಸಾಬ ನಿಮ್ಮ ಶಕ್ತಿನಗರದ ಸಂತೆಗೆ ಬಟ್ಟೆ ಮಾರಲು ಬಂದಾಗ ನೀನು ಅವನ ಕೈಯಲ್ಲಿ ಕೊಟ್ಟ ಟೈಪು ಮಾಡಿದ ಹಾಳೆ ಗುರುವಾರ ತಲುಪಿತು. ಪಾಪ, ಅವನಿಗೆ ಒಳಗೇನಿದೆ ಗೊತ್ತಿಲ್ಲ. "ನಿಮ್ಮ ತಮ್ಮ ಹೊಲದ ಕಾಗದ ಕಳಿಸ್ಯಾನ ನೋಡ್ರಿ" ಅಂತ ನಗುತ್ತಾ ಕೊಟ್ಟ. ನಾನು ಅಂಗಳದಲ್ಲೇ ನಿಂತು ಓದಿದೆ. "ದಿನಗೂಲಿಗೆ ಬಂದಿದ್ದ ನಾನು, ಬಿಡು ಎಂದು ಹೇಳಿದರೂ ಹಗ್ಗ ಬಿಡದೆ, ನನ್ನ ತಿಳಿಗೇಡಿತನದಿಂದ ಅಪಘಾತಕ್ಕೆ ಕಾರಣನಾಗಿರುತ್ತೇನೆ. ಶ್ರೀ ಹನುಮಂತ್ರಾಯ ಅವರಿಗೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ." ಜೊತೆಗೆ ನಿನ್ನ ಚೀಟಿ. ಹಡಗಿನ ಅಪಘಾತದ ಬಗ್ಗೆ ನಿಮ್ಮ ಕರೆಂಟಿನ ಕಾರ್ಖಾನೆಯ ಸಾಹೇಬರು ವಿಚಾರಣೆ ಮಾಡುತ್ತಿದ್ದಾರಂತೆ. ಸೋಮವಾರ ಮಲಂಗಸಾಬ ತಿರುಗಿ ಹೋಗುವುದರೊಳಗೆ ಸಹಿ ಮಾಡಿ ಕಳಿಸಬೇಕು, ಇಲ್ಲದಿದ್ದರೆ ನಿನ್ನ ಬಡ್ತಿ ನಿಲ್ಲುತ್ತದೆ, ನಿನ್ನ ಮಾನ ಹೋಗುತ್ತದೆ. ನಾಲ್ಕು ಸಾಲಿನ ಚೀಟಿಯಲ್ಲಿ ಅವ್ವನ ಹೆಸರು ಕೂಡ ಇರಲಿಲ್ಲ. ಮೂರು ದಿನ ಹಾಳೆಯನ್ನು ಸೂರಿಗೆ ಸಿಕ್ಕಿಸಿಟ್ಟೆ. ಸಹಿ ಹಾಕುವ ಮುಂಚೆ ನನಗೂ ನಾಲ್ಕು ಮಾತು ಹೇಳುವುದಿದೆ. ಓದದೆ ಒಲೆಗೆ ಹಾಕಬೇಡ, ನಿನ್ನ ಮನೆಯಲ್ಲಿ ಒಲೆಯೂ ಇಲ್ಲ, ಗ್ಯಾಸು ಇದೆ.

ಏಪ್ರಿಲ್ ತಿಂಗಳಲ್ಲಿ ನೀನು ಸ್ಕೂಟರಿನ ಮೇಲೆ ಬಂದದ್ದು ನೆನಪಿದೆಯಾ? ನಾಲ್ಕು ವರ್ಷಕ್ಕೆ ಬಂದಿದ್ದೆ. ಅವ್ವ ನಿನ್ನ ಮುಖ ಸವರಿ ಸವರಿ ನೋಡಿದಳು. "ಅಣ್ಣಾ, ನಾವು ಹನ್ನೊಂದು ಮಂದಿ ಗೆಳೆಯರು ಕಾರವಾರದಿಂದ ಮಂಗಳೂರ ತನಕ ಹಾಯಿ ಹಡಗಿನ್ಯಾಗ ಹೊಂಟೀವಿ. ಹಳೀ ಪತ್ತೇಮಾರಿ, ಮಿಷನ್ನೇ ಇಲ್ಲ. ಹಗ್ಗ ನಾವೇ ಎಳೀಬೇಕು, ಹಾಯಿ ನಾವೇ ಏರಸಬೇಕು. ನೀನೂ ಬಾ, ಸಮುದ್ರ ನೋಡಿಯಂತ" ಅಂದೆ. ನಲವತ್ತೊಂದು ವರ್ಷ ಹೊಳೆಯ ನೀರಿನಲ್ಲೇ ಕಳೆದವನಿಗೆ ಸಮುದ್ರ ನೋಡು ಅಂತ ಯಾರೂ ಹೇಳಿರಲಿಲ್ಲ. ಎಷ್ಟು ಖುಷಿಯಾಗಿತ್ತು ಅಂದರೆ ಆ ರಾತ್ರಿ ಊಟ ಸೇರಲಿಲ್ಲ. ಬಂಡೆಮ್ಮ ಹೊಸ ಅಂಗಿ ಹೊಲಿಸಿದಳು. ಅವ್ವ ಹತ್ತು ದಿನಕ್ಕಾಗುವಷ್ಟು ಖಡಕ್ ರೊಟ್ಟಿ ಬಡಿದು ಶೇಂಗಾ ಹಿಂಡಿ ಕುಟ್ಟಿದಳು, "ಸಣ್ಣಾವ ಹಿಂಡಿ ಅಂದ್ರ ಜೀವಾ ಬಿಡ್ತಾನ" ಅಂತ ನಿನ್ನ ಪಾಲು ಬೇರೆ ಕಟ್ಟಿದಳು. ನಿಮ್ಮ ಗಾಡಿಯಲ್ಲಿ ಜಾಗವಿಲ್ಲ, ಬಸ್ಸಿನಲ್ಲಿ ಬಾ ಅಂದಾಗಲೂ ನನಗೆ ಏನೂ ಅನ್ನಿಸಲಿಲ್ಲ. ದಡ್ಡ ನಾನು.

ಕಾರವಾರದ ದಕ್ಕೆಯ ಮೇಲೆ ನಿನ್ನನ್ನು ಕಂಡು ಓಡಿ ಬಂದೆ. ನೀನು ಎರಡು ಹೆಜ್ಜೆ ಹಿಂದೆ ಸರಿದು ಗೆಳೆಯರಿಗೆ ಹೇಳಿದೆ, "ಇಂವ ಪರಮ್ಯಾ ಅಂತ, ನಮ್ಮ ಹೊಲದ ಕಡೆ ಹೊಳಿಯಾಗ ಹರಿಗೋಲು ನಡಸ್ತಾನ. ನೀರಿನ ಕೆಲಸ ಗೊತ್ತದ, ಅಡಗಿನೂ ಮಾಡ್ತಾನ." ಪರಮಣ್ಣ ಅನ್ನುವ ನನ್ನ ಹೆಸರಲ್ಲೇ ಅಣ್ಣ ಇದ್ದಾನಲ್ಲೋ, ಅಷ್ಟನ್ನಾದರೂ ಪೂರ್ತಿ ಕರೆಯಬಾರದಾಗಿತ್ತೇ? ನಾನು ನಗುತ್ತಾ ನಿಂತಿದ್ದೆ, ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಆಮೇಲೆ ನೀನು ನನ್ನನ್ನು ಉಪ್ಪಿನ ಚೀಲಗಳ ಹಿಂದೆ ಕರೆದುಕೊಂಡು ಹೋಗಿ ಕೈ ಹಿಡಿದುಕೊಂಡೆ, "ಒಂಬತ್ತು ದಿನದ ಮಾತು ಅಣ್ಣಾ, ನಡಸಿಕೊಂಡು ಹೋಗು." ನಡೆಸಿಕೊಂಡು ಹೋದೆ. ಹನ್ನೊಂದು ಜನಕ್ಕೆ ಅಕ್ಕಿ ಬೇಯಿಸಿದೆ, ವಾಂತಿ ಮಾಡಿಕೊಂಡವರ ಬೆನ್ನು ತಿಕ್ಕಿದೆ, ನಿನ್ನದನ್ನೂ ತಿಕ್ಕಿದೆ. ಅವ್ವನ ಗಂಟನ್ನು ನಿನಗೆ ಎಲ್ಲರೆದುರು ಹೇಗೆ ಕೊಡಲಿ? ಹಿಂಡಿಯನ್ನು ಹಡಗಿನ ಆಳುಗಳು, ಆ ಖಲಾಸಿಗಳು ತಿಂದರು.

ಹಡಗು ಹತ್ತುವಾಗ ನಾನು ಚಪ್ಪಲಿ ಬಿಟ್ಟು, ಒಂದು ಬೊಗಸೆ ನೀರು ಕಣ್ಣಿಗೊತ್ತಿಕೊಂಡು, ಹಲಗೆಗೆ ಹಣೆ ಮುಟ್ಟಿಸಿದೆ. ನಿನ್ನ ಗೆಳೆಯರು ನಕ್ಕರು, ನಗಲಿ, ಅವರಿಗೇನು ಗೊತ್ತು. ನೀನೂ ನಕ್ಕೆ. ಬೂಟು ಹಾಕಿಕೊಂಡೇ ಹತ್ತಿದೆ. ಅಪ್ಪ ಇದ್ದಿದ್ದರೆ ಎಂಥ ಅಮಲ್ದಾರನಾದರೂ ಕಾಲಲ್ಲಿ ಚಪ್ಪಲಿ ಇದ್ದರೆ ಹರಿಗೋಲಿಂದ ಇಳಿಸುತ್ತಿದ್ದ.

ನಿಜ ಹೇಳಬೇಕು, ಆ ನೀರು ಕಂಡಾಗ ಎಲ್ಲ ಮರೆತೆ. ಆಚೆ ದಡವೇ ಇಲ್ಲ! ದಡವಿಲ್ಲದ ನೀರಿನ ಮೇಲೆ ಮನುಷ್ಯ ಎಲ್ಲಿಗೆ ಅಂತ ಹುಟ್ಟು ಹಾಕುತ್ತಾನೆ ಅಂತ ಗಾಬರಿಯಾಯಿತು. ಬೆಳಗಾದರೆ ಎಲ್ಲರೂ ಸಾಲಾಗಿ ನಿಂತು ಹಗ್ಗ ಎಳೆಯುವುದು, ಅಷ್ಟೆತ್ತರದ ಹಾಯಿ ಬಿಚ್ಚಿಕೊಂಡು ಗಾಳಿ ತುಂಬಿದಾಗ ಹಡಗು ಒಮ್ಮೆ ಮೈ ಮುರಿದು ಹೊರಡುವುದು, ಆಮೇಲೆ ಹಲಗೆ ತೊಳೆಯುವುದು, ತಳದಲ್ಲಿ ನಿಂತ ನೀರು ಎತ್ತಿ ಹಾಕುವುದು. ನಿಮ್ಮ ಇಂಜಿನಿಯರುಗಳ ಕೈಯಲ್ಲಿ ಎರಡನೇ ದಿನವೇ ಬೊಬ್ಬೆ. ಮೂರನೇ ದಿನ ಹಡಗಿನ ಮುಖ್ಯಸ್ಥ, ಆ ಮುದುಕ ತಂಡೇಲ, ನನ್ನನ್ನು ಕರೆದು ಚುಕ್ಕಾಣಿ ಕೊಟ್ಟ. ಅರ್ಧ ತಾಸು ನಾನೇ ನಡೆಸಿದೆ. ಆಗ ನೀನು ಹಾಯಿ ಹೊತ್ತ ಕೂವೆಮರಕ್ಕೆ ಒರಗಿ ನನ್ನನ್ನು ನೋಡುತ್ತಿದ್ದೆ. ನಿನ್ನ ಮುಖ ಅರಳಿತ್ತು ಹನುಮ್ಯಾ, ಸುಳ್ಳು ಹೇಳಬೇಡ. ಸಣ್ಣವನಿದ್ದಾಗ ನಾನು ಈಜಿ ಆಚೆ ದಡ ಮುಟ್ಟಿದರೆ ಹೀಗೇ ನೋಡುತ್ತಿದ್ದೆ. ಆಮೇಲೆ ಯಾರೋ ಕರೆದರು, ತಿರುಗಿ ಹೋದೆ.

ಅವತ್ತು ಸಂಜೆ ನಿನ್ನ ಗೆಳೆಯ ಸಿದ್ದರಾಮಪ್ಪ ನನ್ನ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಂಡ. ಒಳ್ಳೆಯ ಮನುಷ್ಯ, ನನಗೆ ಬಹುವಚನ ಕೊಟ್ಟವನು ಅವನೊಬ್ಬನೇ. "ಮಲ್ಲಟದಾಗ ನಿಮ್ಮ ಗೌಡ್ರದು ನಲವತ್ತು ಎಕರೆ ಅದ ಅಂತಲ್ಲ, ಹನುಮಂತ್ರಾಯನ ಮನಿತನ ಹ್ಯಾಂಗ್ರಿ?" ಅಂತ ಕೇಳಿದ. ಮಲ್ಲಟದಲ್ಲಿ ನಮಗೆ ಒಂದು ಬೇವಿನ ಗಿಡವೂ ಇಲ್ಲ. "ದೊಡ್ಡ ಮನಿತನ ರೀ" ಅಂದೆ. ನಿನಗೋಸ್ಕರ ನಾನು ಹೇಳಿದ ಮೊದಲನೇ ಸುಳ್ಳು ಅದು. ಎರಡನೆಯದು ಮನೆಗೆ ಬಂದು ಅವ್ವನಿಗೆ ಹೇಳಿದೆ, "ಸಣ್ಣಾವ ಚಂದಾಗಿ ನೋಡಿಕೊಂಡ" ಅಂತ.

ಇನ್ನು ಐದನೇ ದಿನದ ವಿಷಯ. ನಿನ್ನ ಹಾಳೆಯಲ್ಲಿ ಅದು ಎರಡು ಸಾಲಿನಲ್ಲಿ ಮುಗಿದಿದೆ, ನಾನು ಸ್ವಲ್ಪ ಉದ್ದ ಹೇಳುತ್ತೇನೆ. ಹೊನ್ನಾವರ ದಾಟಿ ಭಟ್ಕಳದ ಕಡೆ ಹೊರಟಿದ್ದೆವು. ಮಧ್ಯಾಹ್ನ ಪಡುವಣದಲ್ಲಿ ಮೋಡ ಕಪ್ಪಿಟ್ಟು ಗಾಳಿ ಒಮ್ಮೆಲೇ ಬಂತು. ಹಾಯಿಯ ಕೆಳತುದಿಯ ಹಗ್ಗ ನಾವು ಆರು ಜನರ ಕೈಯಲ್ಲಿತ್ತು. ಹಡಗು ಒಂದು ಮಗ್ಗುಲಿಗೆ ವಾಲಿತು. ತಂಡೇಲ ಗಂಟಲು ಹರಿದು "ಛೋಡೋ! ರಸ್ಸೀ ಛೋಡೋ!" ಅಂದ. ಹಗ್ಗ ಬಿಟ್ಟರೆ ಹಾಯಿಯ ಗಾಳಿ ಹರಿದುಹೋಗಿ ಹಡಗು ಎದ್ದು ನಿಲ್ಲುತ್ತದೆ, ಇದನ್ನು ಮೊದಲ ದಿನವೇ ಎಲ್ಲರಿಗೂ ಕಲಿಸಿದ್ದ. ನಾಲ್ಕು ಜನ ಬಿಟ್ಟರು. ನಾನು ಬಿಡಲಿಲ್ಲ. ಕಿವಿಗೆ ಕೇಳಿಸಿತು, ಅರ್ಥವೂ ಆಯಿತು, ಕೈ ಬಿಡಲಿಲ್ಲ.

ಏಕೆ ಬಿಡಲಿಲ್ಲ ಅಂತ ನಿನಗೆ ಗೊತ್ತು. ಹೊಳೆ ದಾಟುವಾಗ ಹರಿಗೋಲು ಕೆಳಕ್ಕೆ ಕೊಚ್ಚಿಕೊಂಡು ಹೋಗುತ್ತದೆ. ಅದನ್ನು ಮತ್ತೆ ಮೇಲಕ್ಕೆ ತರಲು ನಾವಿಬ್ಬರು ಹುಡುಗರು ದಡದ ಮೇಲೆ ಹಗ್ಗ ಹಿಡಿದು ಎಳೆಯುತ್ತಿದ್ದೆವು, ಒಳಗೆ ಹೆಂಗಸರು ಮಕ್ಕಳು ಕೂತಿರುತ್ತಿದ್ದರು, ಕೆಳಗೆ ಬಂಡೆಗಲ್ಲು. ಅಪ್ಪ ಕೂಗುತ್ತಿದ್ದ, "ಕೈ ಹರಿದ್ರೂ ಹಗ್ಗ ಬಿಡಬ್ಯಾಡ್ರಲೇ!" ಮುಂಗೈಗೆ ಒಂದು ಸುತ್ತು, ಹಿಮ್ಮಡಿ ಮರಳಿಗೆ ಊರಿ, ಹಿಂದಕ್ಕೆ ಕುಕ್ಕರಿಸುವುದು. ಹಾಗೆ ಹಿಡಿಯುವುದನ್ನು ಅಪ್ಪ ಬಡಿದು ಬಡಿದು ಕಲಿಸಿದ್ದ. ಅದು ಹೊಳೆಗೆ ಸರಿ, ಸಮುದ್ರಕ್ಕೆ ತಪ್ಪು. ಆ ತಪ್ಪು ನನ್ನದು, ಒಪ್ಪುತ್ತೇನೆ, ದೇವರಾಣೆ ಒಪ್ಪುತ್ತೇನೆ. ಆದರೆ ನಾನು ತಿರುಗಿ ನೋಡಿದರೆ ನನ್ನ ಹಿಂದೆ ಇನ್ನೊಬ್ಬ ಇದ್ದ. ಮುಂಗೈಗೆ ಒಂದು ಸುತ್ತು, ಬೂಟಿನ ಹಿಮ್ಮಡಿ ಹಲಗೆಗೆ ಊರಿ, ಕುಕ್ಕರಿಸಿ ಕೂತಿದ್ದ. ಹದಿನೈದು ವರ್ಷ ಹರಿಗೋಲಿನ ಹಗ್ಗ ಮುಟ್ಟದವನು! ಆ ಗಳಿಗೆಯಲ್ಲಿ, ಹಡಗು ಮುಳುಗುತ್ತದೋ ಏನೋ ಅನ್ನುವಾಗ, ನನಗೆ ಸಂತೋಷವಾಯಿತು ತಮ್ಮಾ. ನಮ್ಮ ಹುಡುಗ ಇನ್ನೂ ಇದ್ದಾನೆ ಅಂದುಕೊಂಡೆ.

ಮೇಲೆ ಹಾಯಿ ಕಟ್ಟಿದ ಮರ ಲಟಕ್ಕನೆ ಮುರಿದು ಸಿದ್ದರಾಮಪ್ಪನ ಭುಜದ ಮೇಲೆ ಬಿತ್ತು. ತಂಡೇಲ ಓಡಿ ಬಂದು ಕೊಡಲಿಯಿಂದ ಹಗ್ಗ ಕಡಿದ. ಹಡಗು ಎದ್ದು ನಿಂತಿತು. ನಾವಿಬ್ಬರೂ ಕುಕ್ಕರಿಸಿದ ಹಾಗೇ ಕೂತಿದ್ದೆವು, ತುಂಡು ಹಗ್ಗ ಇಬ್ಬರ ಕೈಯಲ್ಲೂ ಇತ್ತು. ಮುದುಕ ನನ್ನನ್ನು ನೋಡಿದ, ನಿನ್ನನ್ನು ನೋಡಿದ. "ಏಕೀಚ್ ಬಾಪ್ ಕೇ ಬೇಟೇ ಹೈ ಕ್ಯಾ ರೇ ತುಮ್ ದೋನೋ?" ಅಂದ. ಒಬ್ಬನೇ ಅಪ್ಪನ ಮಕ್ಕಳೇನ್ರೋ ನೀವಿಬ್ಬರೂ ಅಂತ ಕೇಳಿದ. ಎಲ್ಲರೂ ಅಲ್ಲೇ ನಿಂತಿದ್ದರು, ಸಿದ್ದರಾಮಪ್ಪ ನರಳುತ್ತಿದ್ದ. ಹೌದು ಅಂದಿದ್ದರೆ ಏನು ಹೋಗುತ್ತಿತ್ತು? ನೀನು ಎದ್ದು ನಿಂತು, ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, "ಇಂವ ಯಾರೋ ಕೂಲಿಯವ. ಇಂವ ಬಿಡಲಿಲ್ಲ, ಹಗ್ಗ ನನ್ನ ಕೈಗೆ ಸುತ್ತಿಕೊಂತು" ಅಂದೆ. ಜೇಬಿನ ಹತ್ತಿರ ರಕ್ತ ಇಳಿಯುತ್ತಿತ್ತು. ನಾನು ನನ್ನ ಕೈಯ ತುಂಡು ಹಗ್ಗ ಬಿಚ್ಚಿ ಕೆಳಗಿಟ್ಟೆ. ಮರುದಿನ ಭಟ್ಕಳದಲ್ಲಿ ನನ್ನನ್ನು ಇಳಿಸಿ ಬಸ್ಸು ತೋರಿಸಿದಿರಿ. ಸಿದ್ದರಾಮಪ್ಪ ಜೋಳಿಗೆಯಲ್ಲಿ ಕೈ ಕಟ್ಟಿಕೊಂಡು ಆಸ್ಪತ್ರೆಯ ಬಾಗಿಲಿಗೆ ಬಂದು "ಹುಷಾರಿ ರೀ ಪರಮಣ್ಣ" ಅಂದ. ಭುಜ ಮುರಿದವನು ಬಂದ, ನೀನು ಬರಲಿಲ್ಲ. ಹುಬ್ಬಳ್ಳಿಯ ತನಕ ಕಿಟಕಿಗೆ ಮುಖ ಹಾಕಿ ಅತ್ತೆ. ನಾಚಿಕೆ ಇಲ್ಲದೆ ಬರೆಯುತ್ತಿದ್ದೇನೆ, ಅತ್ತೆ.

ಕೈ ಸುಲಿದದ್ದಕ್ಕೆ ಸಿಟ್ಟಿಲ್ಲ. ಅಂಬಿಗ ಅಂದರೆ ನಾಚಿಕೆಯಾಗುವಂಥದ್ದು ಆ ಶಕ್ತಿನಗರದಲ್ಲಿ ಏನು ಕಂಡೆಯೋ ನನಗೆ ತಿಳಿಯದು. ಅದೇ ಕೃಷ್ಣೆಯ ನೀರು ಎತ್ತಿಕೊಂಡಲ್ಲವೇ ನಿಮ್ಮ ಕರೆಂಟಿನ ಮಿಷನ್ನು ತಿರುಗುವುದು? ಆದರೂ ಇರಲಿ. ನಿನಗೆ ಒಬ್ಬಳು ಮಗಳಿದ್ದಾಳೆ, ಮುಂದೆ ಅವಳ ಬದುಕಿದೆ. ನನ್ನಿಂದ ನಿನ್ನ ಬಡ್ತಿ ಕೆಟ್ಟಿತು ಅನ್ನುವ ಮಾತು ನನಗೆ ಬೇಡ. ಕೂಲಿ ಅಂತ ಬರೆದಿದ್ದೀಯಾ, ಆಗಲಿ. ತಿಳಿಗೇಡಿ ಅಂತ ಬರೆದಿದ್ದೀಯಾ, ಅದೂ ಆಗಲಿ. ಸಂಬಂಧ ಇಲ್ಲ ಅನ್ನುವ ಸಾಲನ್ನು ಎರಡು ಸಲ ಓದಿ, ಬಂಡೆಮ್ಮ ಬೇಡ ಬೇಡ ಅನ್ನುತ್ತಿದ್ದರೂ ಸಹಿ ಹಾಕಿದ್ದೇನೆ. ಮಡಚದ ಬೆರಳಿನಲ್ಲಿ ಹಾಕಿದ ಸಹಿ, ಸೊಟ್ಟಗಿದೆ. ಇದೇ ಕಡೆಯದು. ಇನ್ನು ನನ್ನಿಂದ ಏನನ್ನೂ ಕೇಳಬೇಡ.

ನಿನ್ನ ಹೆಂಡತಿಗೆ ನಮ್ಮ ನೆನಪು ಹೇಳು. ಮಗಳ ತಲೆಯ ಮೇಲೆ ದೊಡ್ಡಪ್ಪನ ಕೈ ಇದೆ ಅಂತ ತಿಳಿ, ಅವಳಿಗೆ ಹೇಳದಿದ್ದರೂ ನಡೆದೀತು. ಸಿದ್ದರಾಮಪ್ಪನ ಭುಜ ಬೇಗ ಕೂಡಲಿ ಅಂತ ಹೊಳೆ ಗಂಗಮ್ಮನಿಗೆ ಕಾಯಿ ಒಡೆದಿದ್ದೇನೆ, ಅವನಿಗಾದರೂ ತಿಳಿಸು. ನೀನು ಸುಖವಾಗಿರು.

ಇಂತಿ,
ನಿನ್ನ ಅಣ್ಣ (ಈ ಕಾಗದದಲ್ಲಾದರೂ)
ಪರಮಣ್ಣ

ತಾ. ಕ. (ಸೋಮವಾರ ಬೆಳಿಗ್ಗೆ): ಮಲಂಗಸಾಬ ಬಂದು ಅಂಗಳದಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹಾಳೆ ಮಡಚುವಾಗ ನಿನ್ನ ಚೀಟಿ ಮಗುಚಿ ಬಿತ್ತು. ಹಿಂದೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದದ್ದನ್ನು ಈಗ ನೋಡಿದೆ: "ಸಹಿ ಕೆಳಗ ಖಾಲಿ ಜಾಗಾ ಬಿಟ್ಟೀನಿ, ತಂದಿ ಹೆಸರು ಬ್ಯಾರೆ ಯಾವುದಾರ ಹಾಕು." ನನ್ನನ್ನು ನೀನು ಏನು ಬೇಕಾದರೂ ಮಾಡು ಹನುಮಂತ್ರಾಯ, ನಾನು ಸಹಿಸಿದೆ. ಇದು ಮಾತ್ರ ನನ್ನಿಂದ ಆಗದು. ಆ ಖಾಲಿ ಜಾಗದಲ್ಲಿ "ತಂದೆ ಗಡಿಗೆಪ್ಪ ಅಂಬಿಗೇರ" ಅಂತ ಮಸಿ ಒತ್ತಿ ದಪ್ಪಗೆ ಬರೆದಿದ್ದೇನೆ, ಅಳಿಸಲು ಹೋದರೆ ಹಾಳೆ ಹರಿಯುತ್ತದೆ. ಅದರ ಕೆಳಗೆ ಸಾಕ್ಷಿಯ ಜಾಗದಲ್ಲಿ ನೀನೇ ಟೈಪು ಮಾಡಿಸಿದ್ದೀಯಾ, "ಹನುಮಂತ್ರಾಯ ತಂದೆ ಗಡಿಗೆಪ್ಪ" ಅಂತ. ನಿಮ್ಮ ಸಾಹೇಬರಿಗೆ ಓದಲು ಬರುತ್ತದಲ್ಲ? ಕೊಡುವ ಧೈರ್ಯ ಇದ್ದರೆ ಕೊಡು.