ಬಕೆಟ್ಟಿಗೆ ಮುಂಚೆ ನಡೆದದ್ದನ್ನೂ ತೋರಿಸಿ

ವಾಹಿನಿಯ ಕಾರ್ಯಕ್ರಮ ವಿಭಾಗದ ಮಾನ್ಯ ಮುಖ್ಯಸ್ಥರೇ,

ತಮ್ಮ ‘ಏರಿಯಾ ರಾಣಿಯರು’ ಸ್ಪರ್ಧೆಯಲ್ಲಿ ಬಿಳಿ ಕೋಟಿನ ನಿರೂಪಕರ ತಲೆಯ ಮೇಲೆ ಒಂದು ಬಕೆಟ್ ಕೆಸರು ನೀರು ಸುರಿದು, ‘ಕೋಪ ಜಾಸ್ತಿ, ತಂಡಕ್ಕೆ ಹೊಂದುವುದಿಲ್ಲ’ ಎಂಬ ಕಾರಣಕ್ಕೆ ಹೊರಬಿದ್ದ ಮಹಿಳೆ ನನ್ನ ಹೆಂಡತಿ ಜಗದಾಂಬಾ. ಹೊರಗೆ ಕಳಿಸಿದಿರಿ ಎಂಬುದು ನನ್ನ ತಕರಾರಲ್ಲ. ಆಟ ಎಂದ ಮೇಲೆ ಯಾರಾದರೊಬ್ಬರು ಹೋಗಲೇಬೇಕು. ಅವಳು ಬಕೆಟ್ ಎತ್ತಿದ್ದನ್ನು ಗುಡುಗಿನ ಸದ್ದು ಹಾಕಿ ಒಮ್ಮೆ ನೇರವಾಗಿ, ಒಮ್ಮೆ ನಿಧಾನವಾಗಿ, ಒಮ್ಮೆ ಹಿಂದುಮುಂದಾಗಿ ತೋರಿಸಿದ ತಾವು, ಏಕೆ ಎತ್ತಿದಳು ಎಂಬುದನ್ನು ಮಾತ್ರ ಕತ್ತರಿಸಿ ಎಸೆದಿರಿ. ನನ್ನ ತಕರಾರು ಅದು.

ಅವಳ ಕೋಪವನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಲಗಳೆದರೆ ಆರ್‌ಪಿಸಿ ಲೇಔಟಿನಲ್ಲಿ ನನ್ನನ್ನು ಯಾರೂ ನಂಬುವುದಿಲ್ಲ. ನೀರಿನ ಟ್ಯಾಂಕರಿನವನು ಬೇರೆ ಬೀದಿಗಳಲ್ಲಿ ಹಾರ್ನ್ ಹೊಡೆಯುತ್ತಾನೆ. ನಮ್ಮ ಬೀದಿಯಲ್ಲಿ ಮಾತ್ರ ಕೆಳಗಿಳಿದು ಬಾಗಿಲು ತಟ್ಟುತ್ತಾನೆ. ವಿಜಯನಗರದ ಮಾರ್ಕೆಟ್ಟಿನಲ್ಲಿ ಅವಳು ಚೀಲ ಬಿಡಿಸಿದರೆ ಸಾಕು, ಕೊಳೆತ ಟೊಮೇಟೊಗಳು ಗಾಡಿಯ ಹಿಂಬದಿಗೆ ಸರಿದುಬಿಡುತ್ತವೆ. ಇದೆಲ್ಲ ತಮಗೆ ಗೊತ್ತಿರಲಿಲ್ಲವೇ? ಆಯ್ಕೆಗೆಂದು ಬಂದ ತಮ್ಮ ಹುಡುಗರು ನಮ್ಮ ಗೇಟಿಗೆ ಅಡ್ಡವಾಗಿ ವ್ಯಾನು ನಿಲ್ಲಿಸಿದ್ದರು. ಜಗದಾಂಬಾ ಅವರಿಗೆ ಮಾಡಿದ ಉಪಚಾರ ಕೇಳಿಯೇ ‘ನಮಗೆ ಇಂಥವರೇ ಬೇಕು ಸಾರ್’ ಎಂದು ನನ್ನ ಕೈ ಕುಲುಕಿ, ಅವಳನ್ನು ತಂಡದ ನಾಯಕಿ ಮಾಡಿ ಹೋದರು. ಮೆಣಸಿನಕಾಯಿ ಎಂದು ತಿಳಿದೇ ಕೊಂಡುಹೋದವರು ಖಾರವಾಯಿತೆಂದು ಮುಖ ಸಿಂಡರಿಸಿದರೆ ಹೇಗೆ?

ನಮ್ಮ ಬೀದಿಯ ತಂಡದಲ್ಲಿ ನಾಲ್ವರಿದ್ದರು. ಜಗದಾಂಬಾ, ಎದುರುಮನೆಯಲ್ಲಿದ್ದು ಬ್ಯಾಂಕಿಗೆ ಹೋಗುವ ಸೀತಾ, ಮೂಲೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ರಮ್ಯಶ್ರೀ, ಮತ್ತೆ ನಮ್ಮ ಹಿಂಬದಿಯ ಮನೆಯಲ್ಲಿ ಬಾಡಿಗೆಗಿರುವ ಹಾಲವ್ವ. ಹಾಲವ್ವ ಗದಗಿನ ಕಡೆಯವಳು. ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಮೊದಲನೆಯ ವಾರದ ಹಗ್ಗಜಗ್ಗಾಟದಲ್ಲಿ ಆಕೆ ಕಾಲೂರಿ ನಿಂತಾಗ, ಬಸವೇಶ್ವರನಗರದ ನಾಲ್ವರೂ ಎಳೆದೂ ಎಳೆದೂ ಕೊನೆಗೆ ಹಗ್ಗ ಬಿಟ್ಟು ನೆಲದ ಮೇಲೆ ಕೂತುಬಿಟ್ಟರು. ಅದನ್ನೂ ತಾವು ತೋರಿಸಿದ್ದೀರಿ. ಉಪಕಾರವಾಯಿತು.

ಎರಡನೆಯ ಸುತ್ತಿನ ಚಿತ್ರೀಕರಣ ಕೆಂಗೇರಿಯ ಆಚೆಯ ಬಯಲಿನಲ್ಲಿ. ಮನೆಯವರಿಗೂ ಆಹ್ವಾನವಿದ್ದುದರಿಂದ ನಾನು ಶಾಮಿಯಾನದ ಕೆಳಗೆ ಹೆಂಡತಿಯ ಚಪ್ಪಲಿ, ಕನ್ನಡಕ, ಕೈಚೀಲ ಹಿಡಿದು ಕೂತಿದ್ದೆ. ಕೆಸರು ತುಂಬಿದ ಕಾಲುವೆ ದಾಟಿ ಬಕೆಟ್ಟಿನಲ್ಲಿ ನೀರು ತಂದು ಡ್ರಮ್ಮು ತುಂಬಿಸುವುದು ಆಟ. ಹಾಲವ್ವ ಕಾಲು ಜಾರಿ ಬಿದ್ದಳು. ಮಂಡಿ ಕಲ್ಲಿಗೆ ತಗುಲಿ ರಕ್ತ ಬಂತು. ತಮ್ಮ ನಿರೂಪಕರು ಓಡಿ ಬಂದರು. ಎಬ್ಬಿಸಲು ಬಂದರೆಂದು ನಾನು ಮೆಚ್ಚಿಕೊಂಡೆ. ಅವರು ಹೇಳಿದ್ದು ಇಷ್ಟು: “ಆಂಟಿ, ಸಖತ್ತಾಗಿತ್ತು. ಕ್ಯಾಮೆರಾ ಆ ಕಡೆ ಇತ್ತು. ಇನ್ನೊಂದ್ಸಲ ಬೀಳಿ.”

ಅದೂ ಆಟದ ನಿಯಮವೆಂದು ತಿಳಿದು ಹಾಲವ್ವ ಇನ್ನೊಂದು ಸಲ ಬಿದ್ದಳು. ಸಾಲಲಿಲ್ಲ. ಮತ್ತೆ ಬೀಳಬೇಕು, ಬೀಳುವಾಗ ತನ್ನ ಊರಿನ ಭಾಷೆಯಲ್ಲಿ ಏನಾದರೂ ಕೂಗಬೇಕು, ಜನ ಚೆನ್ನಾಗಿ ನಗುತ್ತಾರೆ ಎಂದರು. ಆಕೆ ಕುಂಟುತ್ತ ಮತ್ತೆ ಕಾಲುವೆಯ ಕಡೆಗೆ ಹೊರಟಳು. ಆಗ ಜಗದಾಂಬಾ ಅಡ್ಡ ಬಂದು ಆಕೆಯ ಕೈಯಿಂದ ಬಕೆಟ್ ತೆಗೆದುಕೊಂಡು, ಕಾಲುವೆಯಲ್ಲಿ ಅದ್ದಿ ತುಂಬಿಸಿದಳು. “ಹೆಂಗೆ ಬೀಳ್ಬೇಕು ಅಂತ ಮೊದ್ಲು ನೀವು ಬಿದ್ದು ತೋರ್ಸಿ ಸಾರ್” ಎಂದಳು. ನಿರೂಪಕರು ಕ್ಯಾಮೆರಾ ನೋಡಿ ನಕ್ಕರು. ಮುಂದಿನದನ್ನು ನಾಡಿನ ಜನ ಗುಡುಗಿನ ಸಮೇತ ಕಂಡಿದ್ದಾರೆ. ಅವರ ಮೈಕು ಬಹಳ ಹೊತ್ತು ಕಪ್ಪೆಯ ಹಾಗೆ ಸದ್ದು ಮಾಡುತ್ತಿದ್ದುದು ಮಾತ್ರ ಪ್ರಸಾರವಾಗಲಿಲ್ಲ.

ಸಂಜೆ ತಂಡದವರೇ ಯಾರನ್ನು ಕಳಿಸಬೇಕೆಂದು ಸ್ಲೇಟಿನ ಮೇಲೆ ಬರೆಯಬೇಕಾಯಿತು. ಸೀತಾ, ರಮ್ಯಶ್ರೀ ಇಬ್ಬರೂ ತಲೆ ತಗ್ಗಿಸಿಕೊಂಡೇ ಜಗದಾಂಬಾಳ ಹೆಸರು ಬರೆದರು. ನಾಯಕಿ ಉಳಿದರೆ ಇಡೀ ತಂಡವೇ ಮನೆಗೆ ಎಂದು ತಮ್ಮವರು ಹೆದರಿಸಿದ್ದರಂತೆ, ಅವರನ್ನು ದೂರಲಾರೆ. ಹಾಲವ್ವನೂ ಸ್ಲೇಟು ತಿರುಗಿಸಿದಳು. ‘ಅಕ್ಕ’ ಎಂದಿತ್ತು. ಯಾವ ಅಕ್ಕ ಎಂದು ಇನ್ನೊಂದು ಕೋಟು ಹಾಕಿಕೊಂಡು ಬಂದಿದ್ದ ನಿರೂಪಕರು ಕೇಳಿದರು. “ನಮ್ಮ ಜಗದಾಂಬಕ್ಕಾರು. ಅವರು ಮನೀಗೆ ಹೋಗ್ಲಿ” ಎಂದಳು. ತಾವು ಅದಕ್ಕೆ ಪಿಟೀಲು ಹಾಕಿದಿರಿ.

ಬಸ್ಸಿನಲ್ಲಿ ಬರುವಾಗ ಯಾರೋ ಜಗದಾಂಬಾಳ ಕಾಲು ತುಳಿದರು. ಅವಳು ಕಾಲನ್ನು ಒಳಗೆಳೆದುಕೊಂಡಳು, ಅಷ್ಟೇ. ನನಗೆ ಆಗಲೇ ಅನುಮಾನ ಬಂತು. ಪ್ರಸಾರದ ದಿನ ಮೂರನೆಯ ಗುಡುಗಾದ ಮೇಲೆ ಟೀವಿ ನೋಡುತ್ತಲೇ ಮೆಲ್ಲಗೆ ಕೇಳಿದಳು: “ರೀ, ನಾನು ಹಿಂಗೇ ಕಾಣ್ತೀನಾ?” ಟೀವಿಯವರು ಏನೇನೋ ಮಾಡುತ್ತಾರೆ ಬಿಡು ಎಂದೆ. ಅವಳು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಂದಿನಿಂದ ಅವಳು ಎಲ್ಲದಕ್ಕೂ ‘ಪರವಾಗಿಲ್ಲ’ ಎನ್ನತೊಡಗಿದಳು. ಟ್ಯಾಂಕರಿನವನು ನಮ್ಮ ಪಾಲಿನ ನೀರನ್ನು ಪಕ್ಕದ ಬೀದಿಗೆ ಇಳಿಸಿ ಹೋದ, ಪರವಾಗಿಲ್ಲ. ಕಿರಾಣಿ ಅಂಗಡಿಯ ಮುಂದೆ ನಿಂತವರು ಅವಳನ್ನು ಕಂಡು ಬಾಯಲ್ಲೇ ಗುಡುಗಿದರು. ತಲೆ ತಗ್ಗಿಸಿ ಬಂದಳು. ಗಂಡನಿಗೆ ಇದಕ್ಕಿಂತ ಸುಖವೇನು ಬೇಕೆಂದು ತಾವು ಕೇಳಬಹುದು. ಸಾರಿಗೆ ಉಪ್ಪು ಕಡಿಮೆ ಎಂದರೆ ‘ಹೌದು, ನಂದೇ ತಪ್ಪು’ ಎನ್ನುವ ಜಗದಾಂಬಾಳ ಜೊತೆ ತಾವೊಂದು ವಾರ ಬಾಳಿ ನೋಡಬೇಕು. ಮನೆಯೊಳಗೆ ಓಡಾಡಲು ಭಯವಾಗುತ್ತದೆ, ಮಾನ್ಯರೇ. ಹಾಲವ್ವನಂತೂ ನಮ್ಮ ಅಂಗಳ ಬಿಟ್ಟು ಪಕ್ಕದ ಸಂದಿಯಿಂದಲೇ ಓಡಾಡುತ್ತಿದ್ದಳು.

ಮುಂದಿನ ಸುತ್ತಿನಲ್ಲಿ ಉಳಿದ ಮೂವರೂ ಸೋತು ಬಂದರು. ಮರುದಿನ ಬೆಳಿಗ್ಗೆ ಹಾಲವ್ವ ನಮ್ಮ ಬಾಗಿಲಿಗೆ ಬಂದು ಹೊಸಲಿನ ಆಚೆಯೇ ನಿಂತಳು. “ಅಕ್ಕಾರ, ನೀವು ಸೀರಿ ಬದಲಿ ಮಾಡಾಕ ಹೋದಾಗ ಆ ಟೀವಿಯವರು ನನಗ ಬ್ಯಾರೇನ ಒಂದು ಮಾತು ಹೇಳಿದ್ರು. ನೀವು ಉಳೀಬೇಕಂದ್ರ ನಾಳೆ ಎಲ್ಲಾರ ಮುಂದ ಆ ಕೋಟಿನವನ ಕಾಲಿಗೆ ಬೀಳಬೇಕಂತ. ನನ್ನ ಸಲುವಾಗಿ ಸಿಟ್ಟಾದವರು ನನ್ನ ಸಲುವಾಗಿ ಕಾಲಿಗೆ ಬೀಳೂದು ಬ್ಯಾಡಂತ ನಾನೂ ನಿಮ್ಮ ಹೆಸರು ಬರದ್ನಿ.”

ಜಗದಾಂಬಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸಲು ದಾಟಿದಳು. “ಅದನ್ನ ಆವತ್ತೇ ಹೇಳೋಕೆ ಬಾಯಿಗೇನಾಗಿತ್ತು ನಿಂಗೆ?”

ಅಲ್ಲಿಂದ ಶುರುವಾಯಿತು. ಇಷ್ಟು ದಿನದ ಬಾಕಿಯೆಲ್ಲ ಸೇರಿ ಬಂದದ್ದರಿಂದ ಧ್ವನಿ ಮೇನ್ ರೋಡಿಗೂ ಕೇಳಿಸಿತು. ಏನಾಯಿತೆಂದು ನೋಡಲು ಬಂದ ಸೀತಾಳಿಗೂ ಒಂದು ಪಾಲು ಸಿಕ್ಕಿತು. ಹಾಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇರಬೇಕು. ಆಕೆಯ ಮಂಡಿ ಇನ್ನೂ ಊದಿಕೊಂಡಿದ್ದು ಕಣ್ಣಿಗೆ ಬಿದ್ದಿದ್ದೇ ತಡ, ಡಾಕ್ಟರಿಗೆ ತೋರಿಸಿಲ್ಲವೆಂದು ಎರಡನೆಯ ಕಂತು. ಆಟೋ ಹತ್ತಿಸಿ ಕರೆದುಕೊಂಡು ಹೋದಳು. ಬಾಪೂಜಿ ನಗರದವರೆಗೂ ಆಟೋದವನಿಗೆ ಬುದ್ಧಿ ಹೇಳುತ್ತಲೇ ಹೋದಳಂತೆ. ನಾನು ಒಳಗೆ ಹೋಗಿ ಬಹಳ ದಿನಗಳ ಮೇಲೆ ನೆಮ್ಮದಿಯಿಂದ ಪೇಪರ್ ಓದಿದೆ.

ಇಷ್ಟರಲ್ಲಿ ತಮ್ಮ ಕಚೇರಿಯಿಂದ ಫೋನು ಬಂತು. ಅಂತಿಮ ಸಂಚಿಕೆಯಲ್ಲಿ ಜಗದಾಂಬಾಳಿಗೆ ‘ಕೋಪದ ರಾಣಿ’ ಎಂಬ ಕಿರೀಟವಂತೆ. ವೇದಿಕೆಯ ಮೇಲೆ ಸ್ವಲ್ಪ ಕಿರುಚಿ, ಆಮೇಲೆ ಅತ್ತು, ನಿರೂಪಕರ ಕ್ಷಮೆ ಕೇಳಬೇಕಂತೆ. ಬಿದ್ದವರನ್ನು ಮತ್ತೆ ಬೀಳಿಸುವ ಈ ಹವ್ಯಾಸ ತಮ್ಮ ಸಂಸ್ಥೆಯಲ್ಲಿ ಎಲ್ಲರಿಗೂ ಇದೆಯೇ?

ಆದ್ದರಿಂದ ನಮ್ಮ ಬೇಡಿಕೆ. ‘ಇನ್ನೊಂದ್ಸಲ ಬೀಳಿ’ ಎಂಬ ಮಾತಿನಿಂದ ಹಿಡಿದು ಬಕೆಟ್ಟಿನವರೆಗೆ ನಡೆದುದೆಲ್ಲವನ್ನೂ ಅಂತಿಮ ಸಂಚಿಕೆಯಲ್ಲಿ ಕತ್ತರಿಸದೆ, ಗುಡುಗಿಲ್ಲದೆ ತೋರಿಸಬೇಕು. ನಿರೂಪಕರು ಹಾಲವ್ವನ ಕ್ಷಮೆ ಕೇಳಬೇಕು. ಕಾಲಿಗೆ ಬೀಳುವುದೇನೂ ಬೇಡ, ಬಾಯಲ್ಲಿ ಹೇಳಿದರೆ ಸಾಕು ಎಂದು ಆಕೆ ಹೇಳಿದ್ದಾಳೆ. ಈ ಪತ್ರ ಓದಿದ ಜಗದಾಂಬಾ, ಇಷ್ಟು ನಯವಾಗಿ ಬರೆದರೆ ಯಾರೂ ಓದುವುದಿಲ್ಲ ಎಂದಿದ್ದಾಳೆ. ಉತ್ತರ ಬಾರದಿದ್ದರೆ ನಾಲ್ವರೂ ಖುದ್ದಾಗಿ ತಮ್ಮನ್ನು ಕಾಣುವುದೆಂದು ತೀರ್ಮಾನವಾಗಿದೆ. ಸೀತಾ ಬ್ಯಾಂಕಿಗೆ ರಜೆ ಹಾಕುತ್ತಾಳಂತೆ, ರಮ್ಯಶ್ರೀ ಪಾರ್ಲರ್ ಮುಚ್ಚುತ್ತಾಳಂತೆ. ತಮ್ಮ ಕಚೇರಿಗೆ ಯಾವ ಬಸ್ಸು ಹೋಗುತ್ತದೆಂದು ಹಾಲವ್ವ ಆಗಲೇ ವಿಚಾರಿಸಿಕೊಂಡು ಬಂದಿದ್ದಾಳೆ.

ಇಂತಿ,
ಅವರನ್ನು ತಡೆಯುವ ಶಕ್ತಿಯಾಗಲಿ ಮನಸ್ಸಾಗಲಿ ಇಲ್ಲದ,
ಚನ್ನಕೇಶವ
ಆರ್‌ಪಿಸಿ ಲೇಔಟ್, ವಿಜಯನಗರ