ಒಂದು ಗುಂಡುಸೂಜಿ ಕಡಿಮೆ

ಬುಧವಾರ ಬೆಳಗ್ಗೆ
ಹೋಟೆಲಿನ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿ ಮಾಡುವ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ಬೈಯಬೇಡ. ಇಷ್ಟುದ್ದದ ಕಾಗದ ಬರೆದು ಯಾವ ಕಾಲವಾಯಿತೋ. ಅಂಗಡಿಯಲ್ಲಿ ನಾನು ಬರೆಯುವುದೆಂದರೆ ಅಳತೆ ಚೀಟಿ. ಅದರಲ್ಲಿ ಎದೆ, ಸೊಂಟ, ತೋಳು ಬಿಟ್ಟರೆ ಬೇರೆ ಮಾತಿರುವುದಿಲ್ಲ. ಒತ್ತು, ದೀರ್ಘ ಎಲ್ಲಿ ಬಿಟ್ಟುಹೋಗಿದ್ದರೂ ನೀನೇ ಹಾಕಿಕೊಂಡು ಓದು. ನಾಲ್ಕನೇ ಕ್ಲಾಸಿನ ಟೀಚರು ನನ್ನ ಬರಹವನ್ನು ಕೋಳಿ ಕೆದಕಿದ ಹಾಗಿದೆ ಅನ್ನುತ್ತಿದ್ದರು. ಆ ಕೋಳಿಗೆ ಈಗ ಇನ್ನೂ ವಯಸ್ಸಾಗಿದೆ.

ಈ ಕಾಗದವನ್ನು ಮೀಸೆ ಮಾವ ನಿನ್ನ ಕೈಗೇ ಕೊಡುತ್ತಾರೆ. ನಮ್ಮ ಪ್ರವಾಸದ ಗುಂಪಿನಲ್ಲಿ ಬಂದಿರುವ ರಿಟೈರಾದ ಬ್ಯಾಂಕಿನವರು ಅವರು. ಮೀಸೆ ನೋಡಿದ ಕೂಡಲೇ ಗುರುತು ಸಿಗುತ್ತದೆ. ಗುಂಪಿನವರೆಲ್ಲ ಇವತ್ತು ಮಧ್ಯಾಹ್ನದ ವಿಮಾನಕ್ಕೆ ಹೊರಡುತ್ತಾರೆ. ನಾನು, ಅಮ್ಮ ಮಾತ್ರ ಇಲ್ಲೇ ಇರುತ್ತೇವೆ.

ಅಕ್ಕಾ, ಭಾನುವಾರ ಫೋನಿನಲ್ಲಿ ನಿನಗೆ ಹೇಳಿದ್ದು ಸುಳ್ಳು. ಅಮ್ಮನಿಗೆ ಊಟ ಒಗ್ಗದೆ ಹೊಟ್ಟೆ ಕೆಟ್ಟಿತು ಎಂದೆನಲ್ಲ, ಹಾಗಲ್ಲ. ಅಮ್ಮ ಗುಂಡುಸೂಜಿ ನುಂಗಿದ್ದಳು. ಗಾಬರಿಯಾಗಬೇಡ, ಅದನ್ನು ತೆಗೆದಾಯಿತು. ಈಗ ನನ್ನ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾಳೆ. ಒಮ್ಮೆ ಉಸಿರು ಬಿಟ್ಟು ಮುಂದೆ ಓದು.

ಇದನ್ನು ಈಗ ಬರೆಯಲು ಕಾರಣವಿದೆ. ವಿಮೆ ಮಾಡಿಸಿದವಳು ನೀನಾದ್ದರಿಂದ, ವಿಮೆ ಕಂಪನಿಯವರು ಈ ವಾರದ ಕೊನೆಯಲ್ಲಿ ನಿನಗೆ ಫೋನ್ ಮಾಡಿ ನಡೆದದ್ದೇನು ಎಂದು ಕೇಳುತ್ತಾರಂತೆ. ನಾನು ಅವರಿಗೆ ನಿಜ ಹೇಳಿದ್ದೇನೆ, ನಿನಗೆ ಸುಳ್ಳು ಹೇಳಿದ್ದೇನೆ. ನೀನು ಊಟದಿಂದ ಆಯಿತು ಎಂದರೆ ಇಬ್ಬರ ಮಾತು ತಾಳೆಯಾಗುವುದಿಲ್ಲ. ಆಸ್ಪತ್ರೆಯ ಖರ್ಚೆಲ್ಲ ನಮ್ಮ ತಲೆಯ ಮೇಲೆ ಬೀಳುತ್ತದೆ. ಅಂಗಡಿಯ ಮೆಷಿನುಗಳನ್ನೆಲ್ಲ ಮಾರಿದರೂ ಅದು ತೀರುವುದಿಲ್ಲ. ಫೋನಿನಲ್ಲೇ ಹೇಳೋಣವೆಂದರೆ ಇರುವ ಒಂದು ಫೋನು ಅಮ್ಮನ ದಿಂಬಿನ ಕೆಳಗಿದೆ. ಮೇಲಾಗಿ ಫೋನಿನಲ್ಲಿ ನೀನು ‘ಹಲೋ’ ಅಂದ ಮೇಲೆ ಬೇರೆಯವರಿಗೆ ಮಾತಾಡಲು ಸಂದಿ ಎಲ್ಲಿರುತ್ತದೆ? ಕಾಗದವಾದರೆ ನಾನು ಮುಗಿಸುವವರೆಗೆ ನೀನು ಸುಮ್ಮನಿರುತ್ತೀಯ.

ಶನಿವಾರ ಎಲ್ಲರೂ ದೋಣಿಯಲ್ಲಿ ಸರೋವರ ನೋಡಲು ಹೋದರು. ಅಮ್ಮ ದಡದಲ್ಲೇ ನಿಂತು, “ನೆಲ ಅಲ್ಲಾಡದೆ ಇರೋ ಕಡೆ ಏನಾದ್ರೂ ನೋಡೋದಿದ್ರೆ ಹೇಳಿ” ಅಂದಳು. ಹಾಗಾಗಿ ನಾವಿಬ್ಬರೂ ಊಟ ಮಾಡಿ ಕೋಣೆಗೆ ಬಂದೆವು. ಮಲಗಿದರೆ ಕಿಟಕಿಯ ಪರದೆ ಕಣ್ಣಿಗೆ ಬಿತ್ತು. ಕೆಳಗಿನ ಅಂಚು ಮೊಳದುದ್ದ ಬಿಚ್ಚಿಕೊಂಡು ಜೋತಾಡುತ್ತಿತ್ತು. ಅಮ್ಮ ಆ ಕಡೆ ಹೊರಳಿದಳು, ಈ ಕಡೆ ಹೊರಳಿದಳು. ಕೊನೆಗೆ ಎದ್ದು ಕೂತು, “ಇದನ್ನ ನೋಡ್ಕೊಂಡು ನಿದ್ದೆ ಹೇಗೆ ಬರುತ್ತೆ ಹೇಳು?” ಅಂದಳು.

ನಿನಗೆ ಕೊಟ್ಟ ಮಾತನ್ನು ನೆನಪಿಸಿದೆ. ಕತ್ತು ನೋವಿಗೆ ರಜೆ ಬೇಕು, ವಾಪಸ್ಸು ಬರುವವರೆಗೆ ಸೂಜಿ ಮುಟ್ಟಕೂಡದು ಎಂದು ನೀನು ಅಮ್ಮನಿಂದ ನಿನ್ನ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸಿದ್ದೆಯಲ್ಲ, ಹೊಲಿಗೆ ಡಬ್ಬಿಯನ್ನೂ ಕಿತ್ತಿಟ್ಟುಕೊಂಡಿದ್ದೆಯಲ್ಲ. ಅಮ್ಮ, “ಆಣೆ ಇಟ್ಟಿದ್ದು ಅಂಗಡಿ ಕೆಲಸಕ್ಕೆ. ಇದು ಕೆಲಸಾನಾ? ಕಣ್ಣಿಗೆ ಕಸ ಬಿದ್ರೆ ತೆಗೆಯಲ್ವಾ?” ಅಂದಳು. ಮೇಜಿನ ಡ್ರಾಯರಿನಲ್ಲಿ ಹೋಟೆಲಿನವರೇ ಇಟ್ಟ ಸೂಜಿ ದಾರದ ಪೊಟ್ಟಣವಿತ್ತು. ಭಾವನಿಗೆಂದು ಕೊಂಡ ಹೊಸ ಶರ್ಟನ್ನು ಬಿಚ್ಚಿ, ಅದಕ್ಕೆ ಚುಚ್ಚಿದ್ದ ಗುಂಡುಸೂಜಿಗಳನ್ನು ತೆಗೆದಳು. ತೆಗೆದವಳು ಎಲ್ಲಿಟ್ಟಳು? ಎಂದಿನಂತೆ ತುಟಿಗಳ ನಡುವೆ.

ಅಮ್ಮ ನೆಲದ ಮೇಲೆ ಕೂತು ಅಂಚು ಮಡಿಸುತ್ತಿದ್ದಳು, ನಾನು ಪರದೆ ಹಿಡಿದುಕೊಂಡಿದ್ದೆ. ಆಗ ನಾನು ಏನೋ ಒಂದು ಹೇಳಿದೆ, ಅಮ್ಮ ನಕ್ಕಳು. ನಾನು ಹೇಳಿದ್ದೇನು ಅನ್ನುವುದು ಇಲ್ಲಿ ಮುಖ್ಯವಲ್ಲ. ಜೋರಾಗಿ ನಕ್ಕಳು, ನಗುತ್ತ ಉಸಿರೆಳೆದಳು, ಕೆಮ್ಮಿದಳು. ಉಳಿದ ಸೂಜಿಗಳನ್ನು ಅಂಗೈಗೆ ಉಗುಳಿ, ಬೆರಳಿನಿಂದ ಒಂದೊಂದಾಗಿ ಸರಿಸಿ ನೋಡಿದಳು. ಗಿರಾಕಿಯ ಬಟ್ಟೆಯಲ್ಲಿ ಸೂಜಿ ಉಳಿಯಬಾರದೆಂದು ದಿನಾ ನೋಡುತ್ತಾಳಲ್ಲ, ಹಾಗೆಯೇ. “ಒಂದು ಕಡಿಮೆ ಇದೆ ಕಣೇ” ಅಂದಳು. ಜಮಖಾನ ಕೊಡವಿದೆ, ಅಮ್ಮನ ಸೆರಗು ಕೊಡವಿದೆ. ಅಮ್ಮ ಕತ್ತಿನ ಕೆಳಗೆ ಕೈಯಿಟ್ಟುಕೊಂಡು, “ಹುಡುಕಬೇಡ, ಎಲ್ಲಿದೆ ಅಂತ ಗೊತ್ತಾಯ್ತು” ಅಂದಳು.

ನಾನು ಮೆಟ್ಟಿಲಿಳಿದು ಓಡಿದೆ. ಕೌಂಟರಿನಲ್ಲಿದ್ದವನಿಗೆ ನಮ್ಮ ಭಾಷೆ ಬಾರದು, ನನಗೆ ಅವನದು ಬಾರದು. ಒಂದು ಗುಂಡುಸೂಜಿ ತೋರಿಸಿದೆ, ಬಾಯಿ ತೋರಿಸಿದೆ, ಹೊಟ್ಟೆ ತೋರಿಸಿದೆ. ಅವನು ತಲೆಯಾಡಿಸಿ, ನಗುತ್ತ, ಇನ್ನೊಂದು ಸೂಜಿ ದಾರದ ಪೊಟ್ಟಣ ಕೊಟ್ಟ. ಅಳು ಬಂದುಬಿಟ್ಟಿತು ಅಕ್ಕಾ. ನಮ್ಮ ಪುಣ್ಯ, ತಲೆನೋವೆಂದು ಮೀಸೆ ಮಾವನೂ ದೋಣಿ ಹತ್ತಿರಲಿಲ್ಲ. ಅವರು ಗುಂಪಿನ ಜೊತೆ ಹೋಗಿದ್ದ ಗೈಡಿಗೆ ಫೋನ್ ಮಾಡಿದರು, ಟ್ಯಾಕ್ಸಿ ಬಂತು, ಗೈಡು ನೇರವಾಗಿ ಆಸ್ಪತ್ರೆಗೇ ಬಂದ.

ಎಕ್ಸ್‌ರೇಯಲ್ಲಿ ಸೂಜಿ ಚೆನ್ನಾಗಿ ಕಂಡಿತು. ಪಕ್ಕೆಲುಬುಗಳ ಕೆಳಗೆ, ಬಟ್ಟೆಗೆ ಚುಚ್ಚಿಟ್ಟ ಹಾಗೆ ಬೆಳ್ಳಗೆ ನಿಂತಿತ್ತು. ಅಮ್ಮ ಅದನ್ನು ನೋಡಿ, “ಸೊಟ್ಟ ಆಗಿಲ್ಲ, ಒಳ್ಳೆ ಉಕ್ಕು” ಅಂದಳು. ಡಾಕ್ಟರು ನಗಲಿಲ್ಲ. ಅವರು ಹೇಳಿದ್ದನ್ನು ಗೈಡು ನಮಗೆ ತಿಳಿಸಿದ. ಸೂಜಿ ಇನ್ನೂ ಹೊಟ್ಟೆಯಲ್ಲಿದೆ, ಈಗಲೇ ಆದರೆ ಬಾಯಿಂದ ಕೊಳವೆ ಇಳಿಸಿ ಹಿಡಿದು ತೆಗೆಯಬಹುದು. ಕರುಳಿಗೆ ಇಳಿದು ಎಲ್ಲಾದರೂ ಚುಚ್ಚಿದರೆ ಹೊಟ್ಟೆ ಕೊಯ್ಯಬೇಕಾಗುತ್ತದೆ, ಅಮ್ಮನ ವಯಸ್ಸಿಗೆ ಅದು ಜೀವಕ್ಕೇ ಕಷ್ಟ. ಆದರೆ ಖರ್ಚು ಯಾರದು ಎಂದು ಗೊತ್ತಾಗದೆ ದಾಖಲು ಮಾಡಿಕೊಳ್ಳುವಂತಿಲ್ಲ ಎಂದು ಆಫೀಸಿನವರು ಹೇಳಿದರಂತೆ. ಒಂದೋ ಮುಂಗಡ ಕಟ್ಟಬೇಕು, ಇಲ್ಲವೇ ವಿಮೆಯವರು ಒಪ್ಪಿಗೆ ಕಳಿಸಬೇಕು.

ನೀನು ಸಹಾಯದ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ನನ್ನ ಕತ್ತಿನ ಚೀಲಕ್ಕೆ ಹಾಕಿದ್ದಾಗ ನಾವು ಮುಸಿಮುಸಿ ನಕ್ಕಿದ್ದೆವು. ಇನ್ನು ಮೇಲೆ ನಗುವುದಿಲ್ಲ.

ಗೈಡು ನಂಬರು ಒತ್ತುವಷ್ಟರಲ್ಲಿ ಮೀಸೆ ಮಾವ ನನ್ನನ್ನು ಪಕ್ಕಕ್ಕೆ ಕರೆದರು. “ನೋಡಮ್ಮ, ಇದು ಪ್ರವಾಸದ ವಿಮೆ. ಕೆಲಸ ಮಾಡ್ತಾ ಆದ ಪೆಟ್ಟಿಗೆ ಇದರಲ್ಲಿ ಕಾಸು ಹುಟ್ಟಲ್ಲ. ದರ್ಜಿ ಹೆಂಗಸು, ಬಾಯಲ್ಲಿ ಸೂಜಿ, ಹೊಲೀತಿದ್ರು ಅಂದ್ರೆ ಮುಗೀತು ಕಥೆ. ಊಟದಲ್ಲಿತ್ತು ಅಂತ ಹೇಳಿಬಿಡು. ಹೋಟೆಲ್ ಊಟ, ಯಾರಿಗೆ ಗೊತ್ತಾಗುತ್ತೆ?” ಅಂದರು. ಗೈಡು, “ಹಾಗಂದ್ರೆ ಹೋಟೆಲಿನವರು ಬಡಿಸಿದೋರನ್ನ ಹಿಡೀತಾರೆ ಸಾರ್” ಅಂದ. ಮೀಸೆ ಮಾವ, “ಹಿಡೀಲಿ ಬಿಡಪ್ಪ, ಇಲ್ಲಿ ಜೀವದ ಪ್ರಶ್ನೆ” ಅಂದರು.

ನನಗೆ ಆ ಹೆಂಗಸಿನ ಮುಖ ಕಣ್ಣ ಮುಂದೆ ಬಂತು. ಊಟದ ಕೋಣೆಯಲ್ಲಿ ಬಡಿಸುವುದು ಅವಳೊಬ್ಬಳೇ. ದಪ್ಪಗೆ, ಕುಳ್ಳಗೆ ಇದ್ದಾಳೆ. ಅಮ್ಮನಿಗೆ ಗಟ್ಟಿ ಬ್ರೆಡ್ಡು ಅಗಿಯಲು ಆಗುವುದಿಲ್ಲವೆಂದು ಎರಡನೇ ದಿನವೇ ಕಂಡುಕೊಂಡು, ಅಂಚು ಕತ್ತರಿಸಿ, ಬಿಸಿ ಹಾಲಿನ ಜೊತೆ ತಂದಿಡುತ್ತಿದ್ದಳು. ಯಾರೂ ಹೇಳಿರಲಿಲ್ಲ. ಆದರೂ, ನಿನ್ನಲ್ಲಿ ಮುಚ್ಚಿಡುವುದೇನು, ಮೀಸೆ ಮಾವ ಹೇಳಿದ್ದೇ ಸರಿ ಎಂದು ಆ ಗಳಿಗೆ ನನಗೂ ಅನ್ನಿಸಿತು. ಅವಳ ಕೆಲಸ ಹೋದರೆ ಹೋಗಲಿ, ನನ್ನಮ್ಮ ಉಳಿಯಲಿ ಎಂದುಕೊಂಡೆ.

ಗಾಲಿ ಮಂಚದ ಮೇಲಿದ್ದ ಅಮ್ಮನಿಗೆ ಎಲ್ಲ ಕೇಳಿಸಿತ್ತು. ತಲೆಯೆತ್ತಿ, “ಮೀಸೆಯವರೇ, ನಾನಿನ್ನೂ ಬದುಕಿದ್ದೀನಿ” ಅಂದುಬಿಟ್ಟಳು. ನಾವಿಬ್ಬರೇ ಇದ್ದಾಗ ಅನ್ನುವ ಹೆಸರು ಅವರ ಮುಖಕ್ಕೇ ಬಂದುಬಿಟ್ಟಿತು. ಅವರು ಮೀಸೆ ಮುಟ್ಟಿಕೊಂಡು ನಿಂತರು. ಅಮ್ಮ ಮುಂದುವರಿಸಿದಳು: “ಬ್ರೆಡ್ಡಿನ ಅಂಚು ತೆಗೆದುಕೊಟ್ಟೋಳು ಸೂಜಿ ಹಾಕಿದ್ಲು ಅಂತ ಹೇಳ್ಲಾ? ಉಂಡ ಮನೆಗೆ ಎರಡು ಬಗೆಯೋ ಮಾತು ಬೇಡ. ಇದ್ದದ್ದು ಹೇಳು ಮಗು. ಆಗಲ್ಲ ಅಂದ್ರೆ ಆಮೇಲೆ ನೋಡೋಣ.”

ಫೋನಿನಲ್ಲಿ ವಿಮೆಯ ಹುಡುಗಿ ನಮ್ಮ ಭಾಷೆಯಲ್ಲೇ ಮಾತಾಡಿದಳು. ಗೈಡಿನ ಮಾತು ಸಾಲದು, ರೋಗಿಯ ಮನೆಯವರೇ ಹೇಳಬೇಕು ಅಂದಳು. ನನ್ನ ವಿಷಯ ನಿನಗೆ ಗೊತ್ತು. ಗಿರಾಕಿ ಬಂದರೆ ಇಸ್ತ್ರಿ ಮೇಜಿನ ಹಿಂದೆ ಸೇರಿಕೊಳ್ಳುವವಳು ನಾನು. ಅವಳು ಕೇಳಿದಳು, ನಾನು ಹೇಳಿದೆ. ಪರದೆ ಹೊಲಿಯುತ್ತಿದ್ದರು ಅಂದೆ. “ಯಾರ ಪರದೆ?” ಹೋಟೆಲಿನದು. “ಹೋಟೆಲಿನವರು ಹೇಳಿದ್ರಾ? ಕೂಲಿ ಕೊಡ್ತೀನಿ ಅಂದ್ರಾ?” ಇಲ್ಲ, ಅವರಿಗೆ ಗೊತ್ತೇ ಇಲ್ಲ. “ಮತ್ತೆ ಪ್ರವಾಸಕ್ಕೆ ಬಂದೋರು ಹೋಟೆಲ್ ಪರದೆ ಯಾಕೆ ಹೊಲಿದ್ರು?” “ಅಂಚು ಬಿಚ್ಚಿತ್ತು ಮೇಡಂ” ಅಂದೆ.

ಅವಳು ಮೆಲ್ಲಗೆ, “ನಮ್ಮಮ್ಮನೂ ಹೀಗೇ ರೀ. ನೆಂಟರ ಮನೆಗೆ ಹೋದ್ರೆ ಅವರ ಪಾತ್ರೆ ಉಜ್ಜಿಟ್ಟು ಬರ್ತಾಳೆ” ಅಂದಳು. ತಕ್ಷಣ ದನಿ ಬದಲಾಯಿಸಿ, ಮೇಲಿನವರನ್ನು ಕೇಳಬೇಕು, ಫೋನ್ ಇಡಬೇಡಿ ಅಂದಳು. ನಾನು ಫೋನು ಕಿವಿಗೊತ್ತಿಕೊಂಡು, ಅಮ್ಮನ ಹೊಟ್ಟೆ ಏರುವುದನ್ನು ಇಳಿಯುವುದನ್ನು ನೋಡುತ್ತ ನಿಂತೆ. ಒಂದೊಂದು ಸಲ ಏರಿದಾಗಲೂ ಆ ಸೂಜಿ ಎಲ್ಲಿಗೆ ಸರಿಯಿತೋ ಅನ್ನಿಸುತ್ತಿತ್ತು. ಮೀಸೆ ಮಾವ ತಮ್ಮ ಸ್ವೆಟರು ಬಿಚ್ಚಿ ನನ್ನ ಹೆಗಲಿಗೆ ಹೊದಿಸಿದರು. ಅವರ ಮೇಲೆ ಕೋಪ ಇಟ್ಟುಕೊಳ್ಳಬೇಡ, ಬಂದಾಗ ಕೂರಿಸಿ ಕಾಫಿ ಕೊಡು.

ಕೊನೆಗೆ ಅವಳು ಮತ್ತೆ ಬಂದಳು. “ಕೂಲಿ ಇಲ್ಲದೆ, ಯಾರೂ ಹೇಳದೆ ಮಾಡಿದ್ದನ್ನ ನಾವು ಕೆಲಸ ಅಂತ ಹಿಡಿಯೋದಿಲ್ಲವಂತೆ. ಈಗ ಚಿಕಿತ್ಸೆ ಶುರು ಮಾಡಲಿ, ಆಸ್ಪತ್ರೆಗೆ ಒಪ್ಪಿಗೆ ಕಳಿಸ್ತೀನಿ. ವಿಮೆ ಮಾಡಿಸಿದವರನ್ನ ಕೇಳಿ ಆಮೇಲೆ ಪೂರ್ತಿ ಮಾಡ್ತೀವಿ” ಅಂದಳು. ವಿಮೆ ಮಾಡಿಸಿದವರು ಅಂದರೆ ನೀನು. ಅದಕ್ಕೇ ಈ ಕಾಗದ. ಅವರು ಕೇಳಿದರೆ ಇಷ್ಟೇ ಹೇಳು: ಅಂಚು ಬಿಚ್ಚಿತ್ತು, ಅಮ್ಮ ಹೊಲಿದಳು, ಯಾರೂ ಹೇಳಿರಲಿಲ್ಲ. ಬೇರೆ ಜಾಣತನ ಬೇಡ.

ಒಳಗೆ ಕರೆದುಕೊಂಡು ಹೋಗುವಾಗ, ಬಾಗಿಲ ಹತ್ತಿರ ಅಮ್ಮ ನನ್ನ ಕೈ ಹಿಡಿದು ಏನೋ ಒಂದನ್ನು ಮಾಡು ಎಂದು ಕೇಳಿದಳು. ಡಾಕ್ಟರು, ನರ್ಸು, ಗೈಡು, ಮೀಸೆ ಮಾವ ಎಲ್ಲರೂ ನಿಂತಿದ್ದರು. ನಾಚಿಕೆ ಬಿಟ್ಟು ಮಾಡಿದೆ. ಅದೇನೆಂದು ಈಗ ಬೇಡ.

ಹೊತ್ತು ಮುಳುಗುವಷ್ಟರಲ್ಲಿ ಸೂಜಿ ಆಚೆ ಬಂತು. ಹೊಟ್ಟೆಯೊಳಗೆ ಸ್ವಲ್ಪ ಗೀರಿದ್ದರಿಂದ ಸೋಮವಾರದವರೆಗೆ ಇಟ್ಟುಕೊಂಡರು. ಇನ್ನೂ ಕೆಲವು ದಿನ ವಿಮಾನ ಹತ್ತಬಾರದಂತೆ. ಟಿಕೆಟು ಬದಲಾಯಿಸುವುದನ್ನು ವಿಮೆಯವರೇ ನೋಡಿಕೊಳ್ಳುತ್ತಾರೆ. ಎಚ್ಚರವಾದ ಮೇಲೆ ಅಮ್ಮ ಮೊದಲು ಕೇಳಿದ್ದು ಏನು ಗೊತ್ತಾ? “ನಿಮ್ಮಕ್ಕನಿಗೆ ಏನೂ ಆಗಿಲ್ಲ ತಾನೇ?” ನಿನ್ನ ತಲೆಯ ಮೇಲೆ ಇಟ್ಟ ಆಣೆ ತಪ್ಪಿದ್ದೇನೆಂಬ ಹೆದರಿಕೆ ಅವಳಿಗೆ. ಭಾನುವಾರ ನನ್ನ ಕೈಯಲ್ಲಿ ಸುಳ್ಳು ಹೇಳಿಸಿದ್ದೂ ಅದಕ್ಕೇ. ನೀನು “ಹಲೋ” ಎಂದು ಬೈಯಲು ಶುರುಮಾಡಿದ ಮೇಲೆಯೇ ಅಮ್ಮ ನೆಮ್ಮದಿಯಾಗಿ ನಿದ್ದೆ ಮಾಡಿದ್ದು. ಅದಕ್ಕೆ ಕೇಳುತ್ತಿದ್ದೇನೆ, ಬಂದಾಗ ಬೈಯುವುದಾದರೆ ನನ್ನನ್ನು ಬೈಯಿ. ಅಮ್ಮನಿಗೆ ಮಾತ್ರ, ಆಣೆ ವಾಪಸ್ಸು ತೆಗೆದುಕೊಂಡೆ ಎಂದು ಒಂದು ಮಾತು ಹೇಳು.

ಭಾವನಿಗೆ ನಮಸ್ಕಾರ ತಿಳಿಸು. ಅವರ ಶರ್ಟು ಮುದುಡಿದೆ, ಇಸ್ತ್ರಿ ಹಾಕಿ ಕೊಡುತ್ತೇನೆ.

ಇಂತಿ ನಿನ್ನ ತಂಗಿ,
ಅಂಗಡಿಯ ಗುಬ್ಬಿ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅವತ್ತು ಅಮ್ಮ ನಕ್ಕಿದ್ದು ನಿನ್ನನ್ನು ನೋಡಿ. ಅಂದರೆ, ನಾನು ನಿನ್ನ ಹಾಗೆ ಮಾಡಿ ತೋರಿಸುತ್ತಿದ್ದೆ. ಕನ್ನಡಕ ಹಣೆಗೇರಿಸಿ, ಒಂದು ಬೆರಳೆತ್ತಿ, “ಪಾಸ್‌ಪೋರ್ಟ್ ಎಲ್ಲಿ? ಸೊಂಟದಲ್ಲಿ! ವಿಮೆ ಕಾಗದ ಎಲ್ಲಿ? ಕತ್ತಿನಲ್ಲಿ! ಬಾಯಿ ಎಲ್ಲಿ? ಮುಚ್ಚಿಕೊಂಡು!” ಎಂದು ನಾವು ಹೊರಡುವ ದಿನ ನೀನು ನಮ್ಮನ್ನು ಸಾಲಾಗಿ ನಿಲ್ಲಿಸಿ ಹೇಳಿದ್ದೆಯಲ್ಲ, ಅದನ್ನೇ. ಆಸ್ಪತ್ರೆಯ ಬಾಗಿಲಲ್ಲಿ ಅಮ್ಮ ಕೇಳಿದ್ದೂ ಅದೇ: “ನಿಮ್ಮಕ್ಕ ಬರೋಕಾಗಲ್ಲ, ಒಂದ್ಸಲ ಅವಳ ಹಾಗೆ ಮಾಡು, ನೋಡ್ಕೊಂಡು ಒಳಗೆ ಹೋಗ್ತೀನಿ.”

ಮೇಲೆ ಸಹಿ ಹಾಕಿದ ಮೇಲೆ, ಅಮ್ಮ ಏಳುವ ಮುಂಚೆ ಪರದೆಯ ಉಳಿದ ಅಂಚನ್ನು ನಾನೇ ಹೊಲಿದು ಮುಗಿಸಿದೆ. ಗುಂಡುಸೂಜಿಗಳನ್ನು ಸ್ನಾನದ ಸೋಪಿಗೆ ಚುಚ್ಚಿಟ್ಟುಕೊಂಡಿದ್ದೆ. ಕೊನೆಯ ಗಂಟು ಹಾಕುವಾಗ ಅಮ್ಮ ಕಣ್ಣು ಬಿಟ್ಟು, “ಇನ್ನೊಂದ್ಸಲ ಅಕ್ಕನ ಹಾಗೆ ಮಾಡೇ” ಅಂದಳು. ಮೊದಲು ಬಾಯಿ ತೆರೆದು ತೋರಿಸು ಅಂದೆ. ತೋರಿಸಿದಳು. ಏನೂ ಇರಲಿಲ್ಲ. ಆಮೇಲೆ ಮಾಡಿದೆ.