ಬೆಂಕಿಪೊಟ್ಟಣದ ನಾಲ್ಕು ಗೂಡುಗಳು

ಮಾರ್ಚ್ ೧೪, ಭಾನುವಾರ
ಕೆರೆ ಪಕ್ಕದ ಬಯಲಿನಿಂದ

ಮುದ್ದು ಮಗಳೇ,

ನಾವಿಬ್ಬರೂ ಕ್ಷೇಮ. ನೀನು, ಅಳಿಯ, ನನ್ನ ಮೊಮ್ಮಗಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದ ಬಂದು ಕೂತಿವೆ, ನಾನು ಉತ್ತರ ಬರೆಯದೆ ತಿಂಗಳು ದಾಟಿಸಿದೆ. ಬೈಯಬೇಡ. ಫೋನಿನಲ್ಲಿ ನೀನು ಕೇಳಿದಾಗೆಲ್ಲ ‘ಎಲ್ಲ ಸರಿಯಾಗಿದೆ’ ಎಂದು ಇಟ್ಟುಬಿಟ್ಟೆ. ದೊಡ್ಡ ಸುದ್ದಿಯಿದ್ದರೆ ಕಾಗದದಲ್ಲೇ ಹೋಗಬೇಕು ಎನ್ನುವುದು ನಿಮ್ಮಪ್ಪ ನಮ್ಮ ಮನೆಗೆ ಹಾಕಿದ ಕಟ್ಟಳೆಯಲ್ಲವೇ? ಜೀವಮಾನವೆಲ್ಲ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ ಮನುಷ್ಯ ಬೇರೇನು ಹೇಳಿಯಾರು!

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿಮ್ಮಪ್ಪನ ಕಣ್ಣು ಹೋಗುತ್ತಿದೆ. ಕೂತುಕೊಂಡು, ಒಂದು ಲೋಟ ನೀರು ಕುಡಿದು ಮುಂದೆ ಓದು. ಇದು ಗೊತ್ತಾದ ದಿನ ನಾನು ಬೆಂಕಿಪೊಟ್ಟಣವನ್ನು ಮಾರಿಬಿಡೋಣ ಎಂದು ಹಟ ಹಿಡಿದೆ. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಎಳೆದಾಡುವ ಪುಟ್ಟ ಟ್ರೇಲರಿಗೆ ಆ ಹೆಸರಿಟ್ಟವಳು ನೀನೇ. ಅವರು ನಿವೃತ್ತರಾದ ಮೇಲೆ ನಮ್ಮ ಸಂಸಾರವೆಲ್ಲ ಅದರೊಳಗೇ. ನಾನು ಓಡಿಸುವುದು, ನಿಲ್ಲಿಸಿದ ಕಡೆ ಅವರು ಇಳಿದು ಚಕ್ರ ಉರುಳದಂತೆ ಅಡ್ಡಕಟ್ಟೆ ಕೊಟ್ಟು, ನೀರಿನ ಪೈಪು, ಕರೆಂಟಿನ ವೈರು ಜೋಡಿಸುವುದು. ಕಣ್ಣೇ ಇಲ್ಲದ ಮೇಲೆ ಆ ಕೆಲಸ ಹೇಗೆ, ಎಲ್ಲಿಯಾದರೂ ಎಡವಿ ಬಿದ್ದರೆ ಗುರುತು ಪರಿಚಯವಿಲ್ಲದ ಊರಿನಲ್ಲಿ ನಾನೊಬ್ಬಳು ಏನು ಮಾಡಲಿ ಎಂದು ನನಗೆ ಹೆದರಿಕೆ. ಗಾಡಿ ಹೋದರೆ ಅವರ ಜೀವವೇ ಹೋದಂತೆ ಎಂದೂ ಗೊತ್ತಿತ್ತು. ಆದರೂ ಹಟ ಬಿಡಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಎಲ್ಲ ಶುರುವಾದದ್ದು ಗಾಡಿಯ ಹೊರಮೈಯಲ್ಲಿರುವ ಸಾಮಾನಿನ ಗೂಡುಗಳಿಂದ. ನೀನು ನೋಡಿದ್ದೀಯ, ಮುಂದೊಂದು, ಎಡಬಲಕ್ಕೆ ಒಂದೊಂದು, ಹಿಂದೆ ಒಂದು ಸಣ್ಣದು. ಹೊರಗೆ ನಿಂತು ಮುಚ್ಚಳದಂಥ ಬಾಗಿಲೆತ್ತಿ ಕೈಹಾಕಬೇಕು. ಎತ್ತಿದ ಬಾಗಿಲು ನಿಲ್ಲದೆ ತಲೆಗೆ ಟಪ್ಪೆಂದು ಬಡಿಯುತ್ತಿತ್ತು. ಮಳೆ ಬಂದರೆ ಒಳಗೆ ಮೊಣಕೈ ಮುಳುಗುವಷ್ಟು ನೀರು, ಬಿಸಿಲಾದರೆ ಧೂಳು. ಮಡಚುವ ಕುರ್ಚಿಯ ಕೆಳಗೆ ಜಾಕು, ಜಾಕಿನ ಕೆಳಗೆ ಹಗ್ಗ. ಒಂದು ಸುತ್ತಿಗೆ ಬೇಕೆಂದರೆ ಇಡೀ ಸಂಸಾರವನ್ನು ಹುಲ್ಲಿನ ಮೇಲೆ ಹರಡಬೇಕು. ಒಂದು ದಿನ ಕುರ್ಚಿಯ ಬಟ್ಟೆಯಲ್ಲಿ ಅಣಬೆ ಎದ್ದಿದ್ದನ್ನು ಕಂಡು ನನ್ನ ತಾಳ್ಮೆ ಕೆಟ್ಟಿತು.

ಕಾರಿನ ಸೀಟು ಹೊಲಿದು ನಿನ್ನನ್ನು ಓದಿಸಿದವಳು ನಾನು. ರಬ್ಬರು, ಸ್ಪಂಜು, ಅಂಟು ನನಗೆ ಹೊಸದಲ್ಲ. ನಿಮ್ಮಪ್ಪ ಪೇಟೆಗೆ ಹೋಗಿ ಬರುವಷ್ಟರಲ್ಲಿ ಅವರಿಗೆ ಆಶ್ಚರ್ಯವಾಗಲಿ ಎಂದು ಸೊಂಟ ಕಟ್ಟಿದೆ. ಬಾಗಿಲಿನ ಅಂಚಿನ ಹಳೇ ರಬ್ಬರನ್ನು ಕೆರೆದು ತೆಗೆದು, ಒಳಗೆ ಟೊಳ್ಳಿರುವ ಹೊಸ ಪಟ್ಟಿ ಕೂರಿಸಿದೆ. ತಳದ ಮೂಲೆಯಲ್ಲಿ ನೀರು ಹರಿದುಹೋಗಲು ಸಣ್ಣ ತೂತು ಕೊರೆದೆ. ಕಾರಿನ ಡಿಕ್ಕಿಯನ್ನು ಎತ್ತಿ ಹಿಡಿಯುತ್ತದಲ್ಲ, ಗ್ಯಾಸು ತುಂಬಿದ ಸಲಾಕೆ, ಅದರ ಚಿಕ್ಕ ತಮ್ಮಂದಿರನ್ನು ತಂದು ಬಾಗಿಲುಗಳಿಗೆ ಹಾಕಿದೆ. ಒಂದೊಂದು ಬಾಗಿಲಿಗೆ ಒಂದೊಂದು ಥರದ ತುಕ್ಕು ಚಿಲಕವಿತ್ತು. ಅವನ್ನೆಲ್ಲ ಕಿತ್ತೆಸೆದು ಒಂದೇ ಬೀಗದ ಕೈಗೆ ತೆರೆಯುವ ಒಂದೇ ನಮೂನೆಯ ಹೊಸ ಚಿಲಕ ಸಿಕ್ಕಿಸಿದೆ. ಕೀಲುಗಳಿಗೆ ಎಣ್ಣೆ ಬಿಟ್ಟೆ. ಆಮೇಲೆ ಬಕೆಟ್ಟುಗಟ್ಟಲೆ ನೀರು ಎರಚಿ ಬಾಗಿಲು ತೆಗೆದರೆ, ಮಗಳೇ, ಒಳಗೆ ಒಂದು ಹನಿ ಇಲ್ಲ! ಬೆರಳು ದಪ್ಪದ ರಬ್ಬರು ಇಡೀ ಮಳೆಗಾಲವನ್ನು ಹೊರಗೆ ನಿಲ್ಲಿಸಬಲ್ಲದು ಎಂದು ಇಷ್ಟು ವರ್ಷ ಅದನ್ನೇ ಕತ್ತರಿಸಿದ ನನಗೇ ಹೊಳೆದಿರಲಿಲ್ಲ. ಹುಚ್ಚಿಯ ಹಾಗೆ ಬಾಗಿಲು ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದೆ. ಸಾಮಾನನ್ನೂ ಹೊಸದಾಗಿ ಜೋಡಿಸಿದೆ. ನಲ್ಲಿಗೆ ಹತ್ತಿರವಾಗಲಿ ಎಂದು ಕುಡಿಯುವ ನೀರಿನ ಬಿಳಿ ಪೈಪನ್ನು ಎಡದಿಂದ ಬಲದ ಗೂಡಿಗೆ ತಂದೆ. ಪಾತ್ರೆ ತೊಳೆದ ನೀರನ್ನು ಹೊರಬಿಡುವ ಬೂದು ಪೈಪನ್ನು ಎಡಕ್ಕೆ ಹಾಕಿದೆ.

ನಿಮ್ಮಪ್ಪ ಬಂದವರು ಎಲ್ಲದರ ಮೇಲೂ ಕೈಯಾಡಿಸಿದರು. “ಚೆನ್ನಾಗಿದೆ ಕಣೇ” ಎಂದರು. ಮುಖ ಮಾತ್ರ ಹುಳಿ ತಿಂದವರ ಹಾಗಿತ್ತು. ಮೆಚ್ಚಿ ಮಾತಾಡುವುದಕ್ಕೆ ಈ ಮನುಷ್ಯನಿಗೆ ಏನು ಕಷ್ಟವೋ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಎಡಗಡೆ ಗೂಡಿನಿಂದ ಬೂದು ಪೈಪು ತೆಗೆದು ಕುಡಿಯುವ ನೀರಿನ ನಲ್ಲಿಗೆ ಸಿಕ್ಕಿಸುತ್ತಿದ್ದಾರೆ!

“ರೀ, ಅದು ಪಾತ್ರೆ ತೊಳೆದ ನೀರಿನ ಪೈಪು!” ಎಂದು ಕಿರುಚಿದೆ.

“ಇಲ್ವೇ, ಇದು ಬಿಳೀದು” ಎಂದು ಬೂದು ಪೈಪನ್ನೇ ನನ್ನ ಮುಖಕ್ಕೆ ಹಿಡಿದರು. ತಮಾಷೆ ಇರಬೇಕೆಂದು ನಕ್ಕೆ. ಅವರು ನಗಲಿಲ್ಲ.

“ನಾನು ಹಾಕಿರೋ ಸ್ವೆಟರ್ ಯಾವ ಬಣ್ಣ ಹೇಳಿ” ಎಂದೆ.

“ನಿನ್ನೆ ಯಾವುದು ಹಾಕಿದ್ದೆ?” ಎಂದು ಕೇಳಿದರು.

ಅಲ್ಲೇ ಹುಲ್ಲಿನ ಮೇಲೆ ಕೂತೆ. ಅವರೂ ಪಕ್ಕದಲ್ಲಿ ಕೂತರು. “ಎಡಗಡೆ ಬಾಗಿಲು ಕೀರ್ ಅಂತಿತ್ತು. ಬಲಗಡೇದರ ಚಿಲಕ ಸಡಿಲ, ಕೈಗೆ ಅಲ್ಲಾಡ್ತಿತ್ತು. ಹಿಂದಿಂದನ್ನ ಒಂದು ಗುದ್ದು ಗುದ್ದಿದ್ರೇನೇ ತೆಗೀತಿದ್ದದ್ದು. ಅದರ ಮೇಲೇ ನನ್ನ ಕೆಲಸ ನಡೀತಿತ್ತು. ನೀನು ನಾಲ್ಕನ್ನೂ ಒಂದೇ ಥರ ಮಾಡಿಬಿಟ್ಟೆ” ಎಂದರು. ಸಿಟ್ಟಿನಿಂದಲ್ಲ, ಯಾರದೋ ಕಥೆ ಹೇಳುವವರ ಹಾಗೆ. “ಅಂಚೆ ಕಚೇರೀಲಿ ಕಾಗದ ವಿಂಗಡಿಸೋ ಒಂದು ಗೂಡು ಬದಲಾಯಿಸಬೇಕಾದ್ರೆ ಮೊದಲು ಇಡೀ ಕೋಣೆಗೆ ಕೂಗಿ ಹೇಳ್ತಿದ್ವಿ. ಕಣ್ಣು ವಿಳಾಸ ಓದುತ್ತೆ ಅಷ್ಟೆ. ಗೂಡು ಹುಡುಕೋದು ಕೈ. ಕೈಗೆ ಹೇಳದೆ ಗೂಡು ಕದಲಿಸಬಾರದು.”

ನೋಡು, ಕಷ್ಟಪಟ್ಟು ಸರಿಮಾಡಲು ಹೋಗಿ, ಅವರು ತಡವಿಕೊಂಡು ಓಡಾಡುತ್ತಿದ್ದ ದಾರಿಯನ್ನೇ ಎಣ್ಣೆ ಬಿಟ್ಟು ಅಳಿಸಿಹಾಕಿದ್ದೆ.

ಎಷ್ಟು ದಿನದಿಂದ ಹೀಗೆ ಎಂದರೆ “ಈಚೆಗೆ, ಸ್ವಲ್ಪ ಮಂಜು ಮಂಜು” ಎಂದರು. ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನಡುವಿನ ನೋಟ ಹೋಗಿದೆಯಂತೆ, ಅಂಚಿನದು ಚೂರುಪಾರು ಉಳಿದಿದೆಯಂತೆ. ಕನ್ನಡಕ, ಆಪರೇಷನ್ನು ಯಾವುದೂ ನಡೆಯುವುದಿಲ್ಲ. “ಇದು ಒಂದೆರಡು ವಾರದಲ್ಲಿ ಬರೋದಲ್ಲಮ್ಮ” ಎಂದರು ಡಾಕ್ಟರು. ನಿಮ್ಮಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಕೂತಿದ್ದರು.

ಆವತ್ತೇ ಗಾಡಿ ಮಾರೋಣ ಎಂದೆ. ಜಗಳವಾಡುತ್ತಾರೆ ಎಂದುಕೊಂಡಿದ್ದೆ, “ನಿನ್ನಿಷ್ಟ” ಎಂದುಬಿಟ್ಟರು. ಜಗಳವಾಡಿದ್ದರೇ ಚೆನ್ನಾಗಿತ್ತು. ಗಾಡಿಗಳು ತಂಗುವ ಈ ಬಯಲಿನ ಮೇಲ್ವಿಚಾರಕಿಗೆ ಹೇಳಿ ಗೇಟಿನ ಬಳಿ ‘ಮಾರಾಟಕ್ಕಿದೆ’ ಎಂದು ಚೀಟಿ ಅಂಟಿಸಿದೆ. ಪೇಟೆಯ ಬೇಕರಿಯವರು ನೋಡಲು ಬರುತ್ತೇವೆಂದರು. ಆಗ ನಿಮ್ಮಪ್ಪ ಬಾಯಿಬಿಟ್ಟರು: “ಮಾರೋದಾದ್ರೆ ನೆಟ್ಟಗೆ ಮಾಡಿ ಮಾರೋಣ. ಗೂಡಿನ ಕೆಲಸ ಅರ್ಧಂಬರ್ಧ ಆಗಿದೆ.”

ಇನ್ನು ಬರೆಯುವುದನ್ನು ಹೇಗೆ ಬರೆಯಲಿ ಎಂದೇ ತಿಳಿಯುತ್ತಿಲ್ಲ. ನನ್ನ ಹತ್ತಿರ ಸೀಟಿನ ದಪ್ಪ ಸ್ಪಂಜು ಉಳಿದಿತ್ತು. ಅದನ್ನು ಗೂಡಿನ ಅಳತೆಗೆ ಕೊಯ್ದು ಕೊಡಲು ಹೇಳಿದರು. ಅದರ ಮೇಲೆ ಸುತ್ತಿಗೆ ಮಲಗಿಸಿ ಸುತ್ತಲೂ ಹೆಬ್ಬೆರಳಿನಿಂದ ಒತ್ತಿ ಗೆರೆ ತೋರಿಸಿದರು, ನಾನು ಆ ಗೆರೆಯಲ್ಲೇ ಚಾಕು ಆಡಿಸಿದೆ. ಸುತ್ತಿಗೆಗೆ ಸುತ್ತಿಗೆಯ ಆಕಾರದ ಕುಳಿ, ಸ್ಪ್ಯಾನರಿಗೆ ಸ್ಪ್ಯಾನರಿನದು, ಅಡ್ಡಕಟ್ಟೆಗೆ ಅದರದೇ ಹಾಸಿಗೆ. “ಕೈಗೆ ಖಾಲಿ ಕುಳಿ ಸಿಕ್ತು ಅಂದ್ರೆ ಏನೋ ಹುಲ್ಲಲ್ಲಿ ಮರೆತಿದೀವಿ ಅಂತ ಅರ್ಥ” ಎಂದರು. ಇಷ್ಟು ವರ್ಷ ನಾವು ಕಣ್ಣಿದ್ದೂ ಊರೂರಲ್ಲಿ ಬಿಟ್ಟು ಬಂದ ಸಾಮಾನನ್ನು ನೆನೆದು ನನಗೆ ನಗುವೇ ಬಂತು. ಒಂದೊಂದು ಸಾಮಾನನ್ನೂ ಅಂಗೈಯಲ್ಲಿ ತೂಗಿ ನೋಡಿ ಭಾರದ್ದನ್ನೆಲ್ಲ ಮುಂದಿನ ಗೂಡಿಗೆ ಹಾಕಿಸಿದರು. ಹಿಂದೆ ಭಾರವಾದರೆ ಗಾಡಿ ಓಡುವಾಗ ಬಾಲ ಅಲ್ಲಾಡಿಸುತ್ತದಂತೆ. ನಾನು ಓಡಿಸುವವಳು, ಆ ಅಲ್ಲಾಟ ಗಾಳಿಯದೆಂದೇ ತಿಳಿದಿದ್ದೆ! ಪೈಪುಗಳು ತಮ್ಮ ಹಳೇ ಜಾಗಕ್ಕೆ ಹೋದವು. ಚಿಲಕಗಳ ಹಿಂಬದಿಗೆ ನನ್ನಿಂದ ಗುರುತು ಕಟ್ಟಿಸಿದರು. ಎಡಕ್ಕೆ ತೊಗಲಿನ ತುಂಡು, ಬಲಕ್ಕೆ ಗಂಟು ಹಾಕಿದ ಹುರಿ, ಮುಂದಕ್ಕೆ ಕೋಟಿನ ಗುಂಡಿ. ಹಿಂದಿನದಕ್ಕೆ ಏನು ಎಂದೆ. “ಏನೂ ಬೇಡ. ಏನೂ ಇಲ್ಲದ್ದೂ ಒಂದು ಗುರುತೇ” ಎಂದರು.

ಬೇಕರಿಯವರು ಗಂಡ ಹೆಂಡತಿ ಬಂದರು. ಕಣ್ಣಿನ ವಿಷಯ ನಾವು ಹೇಳಲಿಲ್ಲ, ಅವರಿಗೆ ಗೊತ್ತೂ ಆಗಲಿಲ್ಲ. ನಿಮ್ಮಪ್ಪ ಗಾಡಿಯ ಸುತ್ತ ಒಂದು ಕೈಯನ್ನು ತಗಡಿನ ಮೇಲೆ ಹಗುರಾಗಿ ಜಾರಿಸುತ್ತಾ ನಡೆದರು. ಆ ಮನುಷ್ಯ ಜಾಕು ಎಲ್ಲಿದೆ ಎಂದು ಕೇಳಿ ಮುಗಿಸುವುದರೊಳಗೆ ಜಾಕು ಅವನ ಕೈಯಲ್ಲಿತ್ತು. ವೈರು ಎಂದ, ವೈರು ಬಂತು. ಮಾತು ನಿಲ್ಲಿಸಲಿಲ್ಲ, ತಡಕಾಡಲಿಲ್ಲ, ಕೈ ಹೋದ ಕಡೆ ಸಾಮಾನು ತಾನೇ ಎದ್ದು ಬರುತ್ತಿತ್ತು. ಹೆಂಗಸು ಸುತ್ತಿಗೆ ತೆಗೆದು ನೋಡಿ ಬೇರೆ ಕುಳಿಯಲ್ಲಿಟ್ಟಳು. ಬಾಗಿಲು ಹಾಕುವ ಮುಂಚೆ ನಿಮ್ಮಪ್ಪನ ಅಂಗೈ ಸ್ಪಂಜಿನ ಮೇಲೆ ಒಮ್ಮೆ ಹರಿದು ಹೋಯಿತು. “ಸುತ್ತಿಗೆ ಹೋಗಿ ಸ್ಪ್ಯಾನರ್ ಹಾಸಿಗೇಲಿ ಮಲಗಿದೆಯಲ್ಲಮ್ಮ” ಎಂದರು. ಅವಳು ನಾಚಿ ನಕ್ಕಳು.

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅಂಚೆ ಕಚೇರಿಯಲ್ಲಿ ಅವರು ಕೆಲಸ ಮಾಡುವುದನ್ನು ನಾನು ಒಂದು ದಿನವೂ ಕಂಡವಳಲ್ಲ. ಮನೆಗೆ ಬರುತ್ತಿದ್ದವರು ದಣಿದ ಗಂಡ, ಅಷ್ಟೆ. ಆ ಕೈಗಳೊಳಗೆ ಇಂಥದ್ದೊಂದು ವಿದ್ಯೆ ಇಷ್ಟು ವರ್ಷ ನನ್ನ ಪಕ್ಕದಲ್ಲೇ ಮಲಗಿ ಏಳುತ್ತಿತ್ತು. ಈ ವಯಸ್ಸಿನಲ್ಲಿ ಕಟ್ಟಿಕೊಂಡ ಗಂಡನನ್ನು ನೋಡಿ ಮೈ ಜುಮ್ಮೆನ್ನುತ್ತದೆ ಎಂದರೆ ನೀನು ನಗುತ್ತೀಯ. ನಗು. ನನಗಂತೂ ಮೈ ಜುಮ್ಮೆಂದಿತು.

“ಗಾಡಿ ನಮಗೇ ಇರ್ಲಿ. ಯಾವತ್ತು ತಗೊಂಡು ಹೋಗೋಣ?” ಎಂದ ಬೇಕರಿಯವನು.

“ಇದು ಮಾರೋದಲ್ಲಪ್ಪ” ಎಂದೆ. ಬಾಯಿಂದ ಬಂದ ಮೇಲೆ ನನಗೂ ಗೊತ್ತಾಯಿತು.

“ಮತ್ತೆ ನಮ್ಮನ್ನ ಯಾಕಮ್ಮ ಬರೋಕೆ ಹೇಳಿದ್ರಿ?”

“ನಾನು ನೋಡಿರಲಿಲ್ಲ, ಅದಕ್ಕೆ” ಎಂದೆ. ಅರ್ಥವಾಗದೆ ಗೊಣಗಿಕೊಂಡು ಹೋದರು. ಒಳ್ಳೆಯ ಜನ, ತಂದಿದ್ದ ಬನ್ನಿನ ಪೊಟ್ಟಣ ವಾಪಸು ಒಯ್ಯಲಿಲ್ಲ. ನಿಮ್ಮಪ್ಪ ಹಿಂದಿನ ಗೂಡಿನ ಮೇಲೆ ಕೈಯಿಟ್ಟು ನಿಂತಿದ್ದರು. “ನಿಜವಾಗ್ಲೂ ಮಾರಲ್ವಾ?” ಎಂದು ಕೇಳಿದರು. ಇಲ್ಲ ಎಂದು ಗಟ್ಟಿಯಾಗಿ ಹೇಳಿದೆ.

ಹೆದರಿಕೆ ಹೋಗಿದೆಯೇ ಎಂದರೆ ಹೋಗಿಲ್ಲ. ಮುಂದೆ ಏನೇನು ಕಾದಿದೆಯೋ. ಆದರೆ ಹೆದರಿಕೊಂಡೇ ಹೊರಡುತ್ತೇವೆ. ತಿಂಗಳ ಕೊನೆಗೆ ನಿಮ್ಮ ಮನೆ ಮುಂದೆ ಬಂದು ನಿಲ್ಲುತ್ತೇವೆ, ಅಳಿಯನಿಗೆ ಅವರ ಕಾರು ತೆಗೆದು ಜಾಗ ಬಿಡಲು ಹೇಳು. ಅಪ್ಪನನ್ನು ಕಂಡ ಕೂಡಲೇ ಅಳುತ್ತಾ ಕೂರಬೇಡ. ಮೊಮ್ಮಗಳನ್ನು ಅವರ ತೊಡೆ ಮೇಲೆ ಹಾಕು, ಕೈಯಲ್ಲೇ ನೋಡಿಕೊಳ್ಳುತ್ತಾರೆ.

ನೀನು ಮುಟ್ಟಿದ್ದೆಲ್ಲ ಹಸನಾಗಲಿ, ನಿನ್ನ ಮನೆ ಸದಾ ನಗುತ್ತಿರಲಿ, ಮಗು ಗಟ್ಟಿಮುಟ್ಟಾಗಿ ಬೆಳೆಯಲಿ.

ನಿನ್ನ
ಅಮ್ಮ

ತಾ. ಕ. ಕಾಗದ ಮಡಿಸುವ ಮೊದಲು ನಿಮ್ಮಪ್ಪನಿಗೆ ಓದಿ ಹೇಳಿದೆ, ಅವರಿಗೆ ಓದಲಾಗದಲ್ಲ. ಡಾಕ್ಟರ ವಿಷಯ ಬಂದಾಗ, “ಇದನ್ನೆಲ್ಲ ಅವಳಿಗೆ ಯಾಕೆ ಬರೀತೀಯ? ಮೊದಲ ಸಲ ಡಾಕ್ಟರ ಹತ್ರ ಕರ್ಕೊಂಡು ಹೋದವಳೇ ಅವಳು” ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡರು. ಕಳೆದ ವರ್ಷ ನಾನು ನಿನ್ನ ಮಗುವನ್ನು ತೂಗುತ್ತಾ ಮನೆಯಲ್ಲಿದ್ದಾಗ, ಬೂಟು ತರುತ್ತೇವೆಂದು ನೀನೂ ಅಪ್ಪನೂ ಹೋಗಿ, ಅಳತೆಯದು ಸಿಗಲಿಲ್ಲ ಎಂದು ಬರಿಗೈಯಲ್ಲಿ ಬಂದಿರಲ್ಲ, ಆವತ್ತು. ಅಮ್ಮನಿಗೆ ಗೊತ್ತಾದರೆ ಗಾಡಿ ಮಾರುತ್ತಾಳೆ, ಹೇಳಬೇಡ ಎಂದು ಅವರೇ ಕೇಳಿಕೊಂಡರಂತೆ. ಅವರ ಹೆದರಿಕೆ ಸುಳ್ಳಲ್ಲ, ಮಾರಿಯೇ ಬಿಡುತ್ತಿದ್ದೆ. ಕಾಗದ ಹರಿಯಬೇಕೆನಿಸಿತು. ಹರಿಯಲಿಲ್ಲ, ಹಾಗೇ ಕಳಿಸುತ್ತಿದ್ದೇನೆ. ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದಾಗ ಎದುರು ಕೂತು ನೀನೇ ಮೊದಲಿನಿಂದ ಹೇಳು, ಗೊತ್ತಿಲ್ಲದವಳ ಹಾಗೆ ಕೇಳುತ್ತೇನೆ. ಆದರೆ ಒಂದು ಮಾತು. ಆವತ್ತಿನಿಂದ ಇವತ್ತಿನವರೆಗೂ ಅವರು ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದರು. ಬೆಟ್ಟ ಬಂದಾಗ, ಕೆರೆ ಬಂದಾಗ, ಹಕ್ಕಿಗಳು ಹಿಂಡಾಗಿ ಎದ್ದಾಗ, ನಾನು “ರೀ, ಅಲ್ನೋಡಿ” ಎನ್ನುತ್ತಿದ್ದೆ. ಅವರು “ಆಹಾ” ಎನ್ನುತ್ತಿದ್ದರು. ನಾನು ಮುಂದೆ ಓಡಿಸುತ್ತಿದ್ದೆ. ನೀನು ಹೇಳಿದ್ದರೆ ಗಾಡಿ ನಿಲ್ಲಿಸಿ, ಅದು ಹೇಗಿದೆ ಎಂದು ಅವರಿಗೆ ಹೇಳುತ್ತಿದ್ದೆ, ಮಗಳೇ.